ಬಾತುಕೋಳಿಯ ಸಹಿ

ಗಂಡನ ಪ್ಯಾಂಟಿನ ಮಡಿಕೆಯಲ್ಲಿ ಮೊದಲ ಸಲ ಮೈದಾ ಹಿಟ್ಟು ಸಿಕ್ಕಿದಾಗ ಅವಳು ಏನೂ ಕೇಳಲಿಲ್ಲ. ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು, ಮೂಸಿ ನೋಡಿದಳು, ಪ್ಯಾಂಟನ್ನು ಒಗೆಯಲು ಹಾಕಿದಳು. ಎರಡನೇ ಶನಿವಾರ ಕಾಲುಚೀಲ ಒದ್ದೆಯಾಗಿತ್ತು, ಹೊರಗೆ ಸುಡುವ ಬಿಸಿಲು. ಮೂರನೇ ಶನಿವಾರ ಮೊಣಕಾಲಿನ ಮೇಲೆ ಅಂಗೈಯಗಲದ ನೀಲಿ ಕಲೆ. ಅಷ್ಟು ಹೊತ್ತಿಗೆ ಅವಳ ತಲೆಯಲ್ಲಿ ಹುಳ ಹೊಕ್ಕಾಗಿತ್ತು.

ಅನುಮಾನಪಡುವುದೇ ಅವಳ ಕೆಲಸ. ರೆಡಿಮೇಡ್ ಅಂಗಿಗಳ ಕಾರ್ಖಾನೆಯಲ್ಲಿ ಕೊನೆಯ ಮೇಜು ಅವಳದು. ಹೊಲಿದು, ಗುಂಡಿ ಹಾಕಿ, ಇಸ್ತ್ರಿಯಾಗಿ ಬಂದ ಅಂಗಿ ಅವಳ ಕೈ ದಾಟಿದ ಮೇಲೇ ಪೆಟ್ಟಿಗೆ ಸೇರಬೇಕು. ಕಾಲರ್ ತಿರುಗಿಸಿ, ಕಂಕುಳ ಹೊಲಿಗೆ ಎಳೆದು, ತೋಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಎಲ್ಲೋ ಒಂದು ಹೊಲಿಗೆ ಹಾರಿದ್ದರೆ ಅಲ್ಲಿ ಬಾಣದ ಗುರುತಿನ ಕೆಂಪು ಚೀಟಿ ಅಂಟಿಸಿ ವಾಪಸ್ಸು. ಹೊಲಿಯುವ ಹೆಂಗಸರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಗಂಡ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಐವತ್ತೇಳು ವರ್ಷ, ತೆಳ್ಳಗಿನ ಆಳು, ಗಟ್ಟಿಯಾಗಿ ಸೀನಿದರೂ ಕ್ಷಮಿಸಿ ಅನ್ನುವ ಸ್ವಭಾವ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, "ಕಚೇರಿಲಿ ಹಳೇ ನಕ್ಷೆ ವಿಂಗಡಿಸೋದಿದೆ" ಎಂದು ಹೊರಡುತ್ತಿದ್ದ. ಐದಕ್ಕೆ ಬರುವಾಗ ಮುಖದಲ್ಲಿ ಒಂದು ಕಳೆ. ಆ ಕಳೆಯೇ ಅವಳ ಹೊಟ್ಟೆ ಉರಿಸಿದ್ದು. ಹಳೇ ನಕ್ಷೆ ವಿಂಗಡಿಸಿ ಯಾವ ಗಂಡಸಿನ ಮುಖ ಹಾಗೆ ಹೊಳೆದೀತು?

ಬೇರೆ ಊರಲ್ಲಿ ಔಷಧಿ ಅಂಗಡಿ ನಡೆಸುವ ಮಗಳಿಗೆ ಫೋನ್ ಮಾಡಿದಳು.

"ನಿಮ್ಮಪ್ಪ ಶನಿವಾರ ಎಲ್ಲಿಗೋ ಹೋಗ್ತಾರೆ."

"ಹೋಗ್ಲಿ ಬಿಡಮ್ಮ."

"ಮೈಯೆಲ್ಲ ಮೈದಾ ಹಿಟ್ಟು. ಕಾಲುಚೀಲ ಒದ್ದೆ. ಮೊಣಕಾಲು ಬಾತಿದೆ."

"ಬೇಕರಿಯವಳನ್ನ ಇಟ್ಕೊಂಡಿದಾರಾ?" ಎಂದು ಕೇಳಿ ಮಗಳು ತಾನೇ ನಕ್ಕಳು. ಅವಳು ನಗಲಿಲ್ಲ. ಅದೇ ಲೆಕ್ಕಾಚಾರ ಅವಳೂ ಹಾಕಿದ್ದಳು. ಬೀದಿ ಕೊನೆಯ ಬೇಕರಿಯವಳಿಗೆ ಎಪ್ಪತ್ತು ದಾಟಿದೆ ಎಂಬ ಕಾರಣಕ್ಕಷ್ಟೇ ಕೈಬಿಟ್ಟಿದ್ದಳು.

ನಾಲ್ಕನೇ ಶನಿವಾರ ಅವಳು ಬೆನ್ನು ಹತ್ತಿದಳು. ಅವನು ಬಸ್ಸಿನ ಮುಂಬಾಗಿಲಲ್ಲಿ ಹತ್ತಿದರೆ ಇವಳು ಹಿಂಬಾಗಿಲಲ್ಲಿ. ಸರ್ವೆ ಕಚೇರಿಯ ನಿಲ್ದಾಣ ಬಂತು, ಹೋಯಿತು. ಅವನು ಇಳಿಯಲಿಲ್ಲ. ಇನ್ನೂ ಐದು ನಿಲ್ದಾಣ ದಾಟಿ, ಮರದ ಮಿಲ್ಲುಗಳ ಸಾಲಿನಲ್ಲಿ ಇಳಿದು, ಒಂದು ಪೀಠೋಪಕರಣದ ಗೋದಾಮಿನ ಪಕ್ಕದ ಬಾಗಿಲನ್ನು ಎರಡು ಸಲ ತಟ್ಟಿದ. ಬಾಗಿಲು ತೆಗೆದದ್ದು ಹೆಂಗಸಿನ ಕೈ. ಬಳೆಯ ಸದ್ದು ರಸ್ತೆಯ ಈಚೆಗೂ ಕೇಳಿಸಿತು.

ಅವಳು ಹತ್ತು ನಿಮಿಷ ಮರದ ಹೊಟ್ಟಿನ ರಾಶಿಯ ಹಿಂದೆ ನಿಂತಳು. ಒಳಗಿಂದ ಧಡಾರ್ ಎಂದು ಯಾರೋ ಬಿದ್ದ ಸದ್ದು, ಹಿಂದೆಯೇ ಹತ್ತಾರು ಜನರ ನಗು. ಗಂಡನ ನಗುವೂ ಅದರಲ್ಲಿತ್ತು. ಅಂಥ ನಗುವನ್ನು ಅವಳು ಮನೆಯಲ್ಲಿ ಕೇಳಿ ಯಾವ ಕಾಲವಾಗಿತ್ತೋ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿಕೊಂಡು ಒಳಗೆ ಹೋಗಿ ಬೀರುಗಳ ಸಾಲಿನ ಮರೆಯಲ್ಲಿ ನಿಂತಳು.

ಗೋದಾಮಿನ ನಡುವೆ ಹಾಸಿಗೆಗಳನ್ನು ಹಾಸಿ, ಅವುಗಳ ಮೇಲೆ ಸೋಪು ಬಳಿದ ಹಲಗೆಯೊಂದನ್ನು ಇಟ್ಟಿದ್ದರು. ಹಲಗೆಯ ಆ ತುದಿಯಲ್ಲಿ ನೀರಿನ ಡ್ರಮ್ಮು, ಈ ತುದಿಯಲ್ಲಿ ಹಿಟ್ಟು ತುಂಬಿದ ಬೋಗುಣಿ. ಐವತ್ತು ಅರವತ್ತು ದಾಟಿದ ಗಂಡಸರು ಹೆಂಗಸರು ಕೆಂಪು ಪಟ್ಟಿ, ಹಸಿರು ಪಟ್ಟಿ ಕಟ್ಟಿಕೊಂಡು ಎರಡು ತಂಡವಾಗಿ ನಿಂತಿದ್ದರು. ಬಾಗಿಲು ತೆಗೆದ ಬಳೆಯ ಹೆಂಗಸಿನ ಸೊಂಟಕ್ಕೆ ಟೈರಿನ ಟ್ಯೂಬು. ಇವಳ ಗಂಡ, ಮೂವತ್ತು ವರ್ಷದಿಂದ ಗೆರೆ ಬಿಟ್ಟು ಅತ್ತಿತ್ತ ಹೋಗದ ನಕ್ಷೆಗಾರ, ಎರಡೂ ಕೈಗೆ ಸ್ಪಂಜಿನ ದೈತ್ಯ ಹಸ್ತ ತೊಟ್ಟು, ತೂತು ಬಿದ್ದ ಬಕೆಟ್ಟು ಹಿಡಿದು, ಆ ಹಲಗೆಯ ಮೇಲೆ ಬಾತುಕೋಳಿಯ ಹಾಗೆ ನಡೆಯುತ್ತಿದ್ದ.

ಅವಳಿಗೆ ಎಲ್ಲವೂ ಒಮ್ಮೆಗೇ ಗುರುತು ಸಿಕ್ಕಿತು. ಇದು 'ಬಿದ್ದರೆ ನಗಬೇಡಿ'.

ಇಪ್ಪತ್ತೇಳು ವರ್ಷದ ಹಿಂದೆ ಭಾನುವಾರ ಸಂಜೆ ಆರಕ್ಕೆ ಟೀವಿಯಲ್ಲಿ ಆ ಆಟ ಬರುತ್ತಿತ್ತು. ಒಂದು ವಾರ ಅಂಚೆ ಕಚೇರಿಯವರ ಎದುರು ಆಸ್ಪತ್ರೆಯವರು, ಇನ್ನೊಂದು ವಾರ ಬಸ್ ಡಿಪೋದವರ ಎದುರು ಶಾಲೆಯ ಮೇಷ್ಟ್ರುಗಳು. ದೊಡ್ಡ ದೊಡ್ಡ ಅಧಿಕಾರಿಗಳು ಪ್ರಾಣಿಗಳ ವೇಷ ತೊಟ್ಟು, ಸೋಪಿನ ಹಲಗೆಯ ಮೇಲೆ ಜಾರಿ ಬಿದ್ದು, ಹಿಟ್ಟಿನ ಬೋಗುಣಿಯಲ್ಲಿ ಮುಖ ಹುದುಗಿಸಿ ಪಿಂಗ್‌ಪಾಂಗ್ ಚೆಂಡು ಹುಡುಕುತ್ತಿದ್ದರು. ಆ ಅರ್ಧ ಗಂಟೆ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಪಟ್ಟೆ ಅಂಗಿ ಹಾಕಿ, ಸೀಟಿ ಊದಿ, ತಪ್ಪು ಹಿಡಿಯುವ ಹುಡುಗಿಯೊಬ್ಬಳು ಅದರಲ್ಲಿದ್ದಳು. ಅವಳೇ ಇವಳು.

ಆ ವರ್ಷದ ಕೊನೆಯ ಪಂದ್ಯ ಸರ್ವೆ ಕಚೇರಿಗೂ ಅಗ್ನಿಶಾಮಕ ದಳಕ್ಕೂ ನಡೆದಿತ್ತು. ಸರ್ವೆಯವರ ಬಾತುಕೋಳಿ ಹಲಗೆಯಿಂದ ಕಾಲು ಜಾರಿ ನೆಲ ಮುಟ್ಟಿತೆಂದು ಅವಳು ಸೀಟಿ ಊದಿದಳು. ಒಂದೇ ಅಂಕದಿಂದ ಅಗ್ನಿಶಾಮಕದವರು ಗೆದ್ದರು. ವಾರ ಕಳೆಯುವುದರೊಳಗೆ ನಿರ್ದೇಶಕರು ಕರೆದರು. ಪಂದ್ಯಕ್ಕೆ ಮೊದಲು ಆ ದಳದ ನಾಯಕನ ಜೊತೆ ನೀನು ಮೇಕಪ್ ಕೋಣೆಯಲ್ಲಿ ಚಹಾ ಕುಡಿಯುತ್ತ ನಗುತ್ತಿದ್ದೆ, ಅವರ ಪರ ತೀರ್ಪು ಕೊಟ್ಟೆ ಎಂದು ದೂರು ಬಂದಿದೆ ಎಂದರು. ಯಾರು ಕೊಟ್ಟದ್ದೆಂದು ಹೇಳಲಿಲ್ಲ. ಚಹಾ ಕುಡಿದದ್ದು ನಿಜ. ಆಟಗಾರರು ಹಾಗೆಲ್ಲ ಬರುವ ಕೋಣೆಯಲ್ಲ ಅದು. ಕೈಯ ಮೇಲಿನ ಸುಟ್ಟ ಗಾಯದ ಕಲೆ ಮುಚ್ಚಿಸಿಕೊಳ್ಳಲು ಆ ನಾಯಕನೊಬ್ಬನನ್ನು ಮಾತ್ರ ಕರೆಸಿದ್ದರು. ಅಲ್ಲಿದ್ದ ಮೂರನೆಯ ವ್ಯಕ್ತಿ ಮೇಕಪ್ಪಿನ ಅಕ್ಕ ಒಬ್ಬಳೇ. ಅವಳನ್ನು ಇವಳು ಒಡಹುಟ್ಟಿದವಳಿಗಿಂತ ಹೆಚ್ಚಾಗಿ ನಂಬಿದ್ದಳು.

ಮುಂದಿನ ಸರಣಿಗೆ ಅವಳನ್ನು ಕರೆಯಲಿಲ್ಲ. ಅಕ್ಕನ ಜೊತೆ ಅವಳು ಮತ್ತೆ ಮಾತಾಡಲಿಲ್ಲ.

ಸರ್ವೆಯವರ ಮೇಲೂ ಮೊದಲು ಸಂಶಯ ಬಂದದ್ದುಂಟು. ಆದರೆ ಗುರುತಿನ ಚೀಟಿ ಹಿಂದಿರುಗಿಸಿ ಸ್ಟುಡಿಯೋದಿಂದ ಹೊರಬಂದ ದಿನ ಗೇಟಿನ ಬಳಿ ಬಾತುಕೋಳಿಯೇ ಕಾದು ನಿಂತಿತ್ತು, ಸಾದಾ ಅಂಗಿಯಲ್ಲಿ. "ನಿಮ್ಮ ತೀರ್ಪು ಸರಿ ಇತ್ತು. ನನ್ನ ಕಾಲು ತಾಗಿತ್ತು" ಎಂದ. ಇಡೀ ಊರಲ್ಲಿ ನಿಜ ಹೇಳಿದವನು ಇವನೊಬ್ಬನೇ ಅನ್ನಿಸಿತು ಅವಳಿಗೆ. ಆ ಒಂದು ಮಾತಿಗೆ ಸೋತು ಮದುವೆಯಾದಳು. ಮದುವೆಯಾದ ಮೇಲೆ ಆ ಆಟದ ಹೆಸರನ್ನು ಮನೆಯಲ್ಲಿ ಯಾರೂ ಎತ್ತದ ಹಾಗೆ ನೋಡಿಕೊಂಡಳು.

ಈಗ ಬೀರುಗಳ ಮರೆಯಲ್ಲಿ ನಿಂತು ನೋಡುತ್ತಿದ್ದಂತೆ ಗಂಡನ ಎಡಗಾಲ ಹಿಮ್ಮಡಿ ಹಲಗೆಯಿಂದ ಜಾರಿ ಕೆಳಗಿನ ಹಾಸಿಗೆಗೆ ಸೋಕಿತು. ಸೀಟಿ ಕಚ್ಚಿಕೊಂಡಿದ್ದ ಮುದುಕ ಬೇರೆಲ್ಲೋ ನೋಡುತ್ತಿದ್ದ.

"ಕಾಲು ತಾಗಿತು" ಎಂದಳು ಅವಳು.

ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ತಾನಾಗಿ ಬಂದದ್ದು. ಎಲ್ಲರೂ ತಿರುಗಿ ನೋಡಿದರು. ಗಂಡ ಬಕೆಟ್ಟು ಹಿಡಿದೇ ನಿಂತ, ತೂತಿನಿಂದ ನೀರು ಅವನ ಪಾದದ ಮೇಲೆ ಸುರಿಯುತ್ತಿತ್ತು.

ಸೀಟಿಯ ಮುದುಕ ಕುಂಟುತ್ತ ಹತ್ತಿರ ಬಂದ. ಸರ್ವೆ ತಂಡದ ಹಳೆಯ ಕ್ಯಾಪ್ಟನ್, ನಿವೃತ್ತನಾಗಿ ಹತ್ತು ವರ್ಷವಾದವನು. ಅವಳ ಮುಖ ನೋಡಿದ, ಅವಳ ಗಂಡನ ಮುಖ ನೋಡಿದ, ಉಸಿರು ಬಿಟ್ಟ.

"ಅಂತೂ ಹೇಳ್ಬಿಟ್ಯೇನಯ್ಯಾ? ಒಳ್ಳೇದಾಯ್ತು ಬಿಡು, ನನಗೂ ಎದೆ ಮೇಲಿನ ಕಲ್ಲು ಇಳೀತು." ಆಮೇಲೆ ಅವಳ ಕಡೆ ತಿರುಗಿ, "ನೋಡಿ ತಾಯಿ, ಆ ದೂರು ಬರೆದಿದ್ದು ನಾನು. ಸೋತ ಸಿಟ್ಟು. ಇವರದೆಲ್ಲ ಸಹಿ ಅಷ್ಟೇ, ಬೇರೇನೂ ಪಾತ್ರ ಇಲ್ಲ" ಎಂದ.

"ಇವರದೆಲ್ಲ ಅಂದ್ರೆ ಯಾರ್ಯಾರದು?"

ಕ್ಯಾಪ್ಟನ್‌ಗೆ ಆಗ ತಿಳಿಯಿತು, ಅವಳಿಗೆ ಏನೂ ಗೊತ್ತಿರಲಿಲ್ಲವೆಂದು. ಗಂಡ ಸ್ಪಂಜಿನ ಹಸ್ತಗಳನ್ನು ಒಂದೊಂದಾಗಿ ಕಳಚುತ್ತಿದ್ದ. ಕಳಚಿ ಮುಗಿಸಿ, "ಆರು ಜನದ್ದು. ನಂದೂ ಇದೆ" ಎಂದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಅವನು ಸೀಟು ಖಾಲಿ ಇದ್ದರೂ ನಿಂತೇ ಬಂದ. ಮನೆಗೆ ಬಂದು ಒದ್ದೆ ಕಾಲುಚೀಲ ಬಿಚ್ಚುವ ಮೊದಲೇ ವಿಚಾರಣೆ ಶುರುವಾಯಿತು.

"ಚಹಾ ಕುಡಿದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ವೇಷದ ಬಾಲ ಬಿಚ್ಚಿಹೋಗಿತ್ತು. ಸೇಫ್ಟಿ ಪಿನ್ ಕೇಳೋಣ ಅಂತ ಮೇಕಪ್ ಕೋಣೆ ಹತ್ರ ಬಂದೆ. ಬಾಗಿಲು ಅರ್ಧ ತೆಗೆದಿತ್ತು. ನೀನು ನಗ್ತಾ ಇದ್ದೆ."

"ಅದನ್ನ ಕ್ಯಾಪ್ಟನ್‌ಗೆ ಹೇಳಿದ್ರಿ."

"ತಮಾಷೆಗೆ ಹೇಳ್ದೆ. ಅಂಪೈರ್ ಹುಡುಗಿ ನಕ್ಕರೆ ಚೆನ್ನಾಗಿ ಕಾಣ್ತಾಳೆ ಅಂತ. ಸೋತ ಮೇಲೆ ಅವರಿಗೆ ಅದು ನೆನಪಾಯ್ತು. ಕಾಗದ ಮುಂದಿಟ್ರು. ಎಲ್ಲರೂ ಹಾಕಿದ್ರು, ನಾನೂ ಹಾಕ್ದೆ. ನಿನ್ನ ಕೆಲಸ ಹೋಯ್ತು ಅಂತ ಗೊತ್ತಾದ ಮೇಲೆ ಮೂರು ದಿನ ನಿದ್ದೆ ಬರ್ಲಿಲ್ಲ. ಎಲ್ಲ ಹೇಳಿಬಿಡೋಣ ಅಂತಾನೇ ಗೇಟಿಗೆ ಬಂದಿದ್ದು. ಅರ್ಧ ಹೇಳಿದೆ. ಆ ಅರ್ಧಕ್ಕೇ ನೀನು ಅಷ್ಟು ಸಂತೋಷಪಟ್ಟೆ. ಇನ್ನರ್ಧ ಗಂಟಲಲ್ಲೇ ಉಳೀತು."

"ಇಪ್ಪತ್ತೇಳು ವರ್ಷ."

"ಹೂಂ. ಇನ್ನೊಂದಿದೆ. ಆವತ್ತು ಕಾಲು ತಾಗಿದ್ದು ಎರಡು ಸಲ. ಮೊದಲ್ನೇದು ನಿನ್ನ ಕಣ್ಣಿಗೆ ಬೀಳ್ಲಿಲ್ಲ" ಎಂದ.

"ಬಿದ್ದಿತ್ತು" ಎಂದು ಅವಳು ಎದ್ದು ಅಡಿಗೆಮನೆಗೆ ಹೋದಳು. ಕಂಡೂ ಯಾಕೆ ಸೀಟಿ ಊದಲಿಲ್ಲ ಎಂಬುದನ್ನು ಅವನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಆಮೇಲೆ ಒಂಬತ್ತು ದಿನ ಮನೆಯಲ್ಲಿ ಬರೀ ಅಗತ್ಯದ ಮಾತು. ನೀರು ಬಂತು, ಗ್ಯಾಸ್ ಮುಗೀತು, ಅಷ್ಟೇ. ಕಾರ್ಖಾನೆಯಲ್ಲಿ ಒಂದೇ ದಿನ ನಲವತ್ತು ಅಂಗಿ ವಾಪಸ್ಸಾದವು. ಹೊಲಿಯುವವರು ಅವಳ ಮೇಜಿನ ಹತ್ತಿರ ಸುಳಿಯಲು ಹೆದರಿದರು. ಗಂಡನ ಹಳೆಯ ಒಂದೊಂದು ಮಾತನ್ನೂ ಅವಳು ಮತ್ತೆ ಎತ್ತಿಕೊಂಡು, ಒಳಗಿನ ಹೊಲಿಗೆ ಹೇಗಿದೆಯೆಂದು ತಿರುಗಿಸಿ ನೋಡುತ್ತಿದ್ದಳು. ಹುಟ್ಟುಹಬ್ಬಕ್ಕೆ ತಂದ ಸೀರೆ ಪ್ರೀತಿಗೋ ಪ್ರಾಯಶ್ಚಿತ್ತಕ್ಕೋ? ಜ್ವರ ಬಂದಾಗ ರಜೆ ಹಾಕಿ ಕೂತದ್ದು?

ಮಗಳು ಫೋನಿನಲ್ಲಿ ಸಮಾಧಾನ ಹೇಳಿದಳು. "ಬೇರೆ ಹೆಂಗಸಲ್ಲ ಅಂತ ಖುಷಿಪಡಮ್ಮ."

"ಹೆಂಗಸಾಗಿದ್ರೆ ನಾಲ್ಕು ಮಾತು ಬೈದು ಮುಗಿಸ್ತಿದ್ದೆ. ಇವರು ಬಾತುಕೋಳಿ. ಬೈಯೋದು ಹೇಗೆ?"

ಹತ್ತನೇ ದಿನ ಅವಳು ಕೇಳಿದಳು, "ಈ ವಯಸ್ಸಲ್ಲಿ ಅಲ್ಲಿ ಹೋಗಿ ಬೀಳೋದು ಯಾಕೆ?"

ಅವನು ಮೊಣಕಾಲು ನೀವಿಕೊಂಡ. "ಟೀವಿಲಿ ಬಿದ್ದ ಮಾರನೇ ದಿನ ದೊಡ್ಡ ಸಾಹೇಬರು ನನ್ನ ಮೇಜಿನ ಹತ್ರ ಬಂದು 'ಏನಪ್ಪಾ ಬಾತುಕೋಳಿ' ಅಂದ್ರು. ಇಡೀ ಕಚೇರಿ ನಕ್ತು, ನಾನೂ ನಕ್ಕೆ. ಈಗ ನಕ್ಷೆ ಎಲ್ಲ ಯಂತ್ರವೇ ಬರಿಯುತ್ತೆ. ಪಕ್ಕದ ಮೇಜಿನವನಿಗೆ ನನ್ನ ಹೆಸರೂ ಗೊತ್ತಿಲ್ಲ. ಆ ಹಲಗೆ ಮೇಲೆ ಬಿದ್ರೆ ಹತ್ತು ಜನ ಓಡಿ ಬಂದು ಎತ್ತುತ್ತಾರೆ."

ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಕೋಪ ಇಳಿಯಲಿಲ್ಲ. ಅವಳನ್ನು ನಿಜವಾಗಿ ಚುಚ್ಚುತ್ತಿದ್ದದ್ದು ಗಂಡನ ಸಹಿಯಲ್ಲ. ತಪ್ಪಿಲ್ಲದ ಒಬ್ಬಳ ಮೇಲೆ ಇಷ್ಟು ವರ್ಷ ತಾನೇ ಕೆಂಪು ಚೀಟಿ ಅಂಟಿಸಿಟ್ಟಿದ್ದಳಲ್ಲ, ಅದು.

ಮೇಕಪ್ಪಿನ ಅಕ್ಕ ಈಗ ನಾಟಕದವರಿಗೆ ವಿಗ್ಗು, ಉಡುಪು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ಭಾನುವಾರ ಬೆಳಿಗ್ಗೆ ಗಂಡನನ್ನೂ ಕರೆದುಕೊಂಡು ಅವಳು ಅಲ್ಲಿಗೆ ಹೋದಳು. ಅಕ್ಕ ಪೂರ್ತಿ ನರೆತಿದ್ದಳು. ಮರದ ತಲೆಯೊಂದಕ್ಕೆ ಜಡೆ ಹೆಣೆಯುತ್ತ ಕೂತಿದ್ದವಳು ಕನ್ನಡಕದ ಮೇಲಿಂದ ನೋಡಿ, "ಏನು ಬೇಕು?" ಎಂದಳು. ಗುರುತು ಸಿಕ್ಕಿತ್ತು. ಸಿಕ್ಕಿಯೇ ಹಾಗೆ ಕೇಳಿದ್ದಳು.

ಇವಳು ಎಲ್ಲವನ್ನೂ ಹೇಳಿದಳು. ಸೇಫ್ಟಿ ಪಿನ್ನಿನ ಭಾಗವನ್ನು ಗಂಡನ ಬಾಯಿಂದಲೇ ಹೇಳಿಸಿದಳು. ಅಕ್ಕ ಜಡೆ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬಂದೆ? ಏನಾದ್ರೂ ಕೆಲಸ ಆಗ್ಬೇಕಿತ್ತಾ?"

"ಇಲ್ಲ ಅಕ್ಕ."

"ಯಾರಾದ್ರೂ ಕಳಿಸಿದ್ರಾ?"

"ಯಾರೂ ಕಳಿಸ್ಲಿಲ್ಲ. ನಿನ್ನ ಮೇಲೆ ತಪ್ಪು ತಿಳ್ಕೊಂಡಿದ್ದೆ. ಹೇಳ್ಬೇಕು ಅನ್ನಿಸ್ತು."

"ನಿನ್ನ ಮದುವೆ ಆಯ್ತು ಅಂತ ನನಗೆ ಗೊತ್ತಾಗಿದ್ದು ಕ್ಯಾಮೆರಾದವನಿಂದ. ಮನೆಗೆ ಹೋಗಿ ಅತ್ತುಬಿಟ್ಟೆ. ನಾನೇನು ತಪ್ಪು ಮಾಡ್ದೆ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು. ಒಂದ್ಸಲ ಬಂದು ಮುಖಕ್ಕೆ ಹೊಡೆದ ಹಾಗೆ ಕೇಳಬಾರದಿತ್ತಾ ನೀನು?"

ಇವಳ ಕಣ್ಣು ತುಂಬಿ ಬಂತು. ಅಕ್ಕ ಅದನ್ನು ನೋಡಿ, ನಿಜದ ಅಳುವೋ ನಾಟಕದ್ದೋ ಎಂದು ಪರೀಕ್ಷಿಸುವವಳ ಹಾಗೆ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಗಂಡನ ಕಡೆ ಗಲ್ಲ ತೋರಿಸಿ, "ಇವರು ಹೊರಗೆ ನಿಂತಿರ್ಲಿ. ನೀನು ಆ ಸ್ಟೂಲ್ ಎಳ್ಕೊಂಡು ಈ ಕೂದಲು ಹಿಡ್ಕೋ" ಎಂದಳು.

ಅದು ಕ್ಷಮೆಯೋ ಅಲ್ಲವೋ ಇವಳಿಗೆ ಇನ್ನೂ ಖಾತ್ರಿಯಿಲ್ಲ. ಎರಡು ವಾರಕ್ಕೊಮ್ಮೆ ಹೋಗುತ್ತಾಳೆ, ಅಕ್ಕ ಒಮ್ಮೆ ಚಹಾ ಕೊಡುತ್ತಾಳೆ, ಒಮ್ಮೆ ಕೊಡುವುದಿಲ್ಲ. ಕ್ಯಾಪ್ಟನ್ ಮೂರು ಸಲ ಹೇಳಿಕಳಿಸಿದರೂ ಗೋದಾಮಿನ ಕಡೆ ಅವಳು ಮತ್ತೆ ತಲೆ ಹಾಕಿಲ್ಲ. ಗಂಡ ಮಾತ್ರ ಶನಿವಾರ ತಪ್ಪಿಸುವುದಿಲ್ಲ, ಈಗ ಹೇಳಿಯೇ ಹೋಗುತ್ತಾನೆ. ಐದಕ್ಕೆ ಬಂದ ಕೂಡಲೇ ಎದುರು ಕೂರಿಸಿಕೊಂಡು ಕೇಳುತ್ತಾಳೆ.

"ಯಾರು ಗೆದ್ದಿದ್ದು?"

"ನಾವು."

"ಎಷ್ಟಕ್ಕೆ?"

"ಏಳು, ಐದು."

"ಹೋದ ವಾರವೂ ಏಳು ಐದು ಅಂದಿದ್ರಿ" ಎನ್ನುತ್ತಾಳೆ ಅವಳು. "ಮೊದಲಿಂದ ಹೇಳಿ. ಹಲಗೆ ಮೇಲೆ ಯಾರು ಮೊದಲು ಹತ್ತಿದ್ದು?"