ಪ, ಬ, ಮ ಇಲ್ಲದ ಭಾನುವಾರಗಳು

ಗುರುವಾರ ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿ ಬನಿಯನ್ನಿನ ಮೇಲೆ ಬಿತ್ತು. ನಿದ್ದೆಗಣ್ಣು ಅಂದುಕೊಂಡು ಇನ್ನೊಮ್ಮೆ ಮುಕ್ಕಳಿಸಿದ. ಮತ್ತೆ ಸೋರಿತು. ಕನ್ನಡಿ ನೋಡಿಕೊಂಡರೆ ಎಡಗಣ್ಣು ರೆಪ್ಪೆ ಬಡಿಯದೆ ತನ್ನನ್ನೇ ದುರುಗುಟ್ಟಿ ನೋಡುತ್ತಿದೆ, ಕೆನ್ನೆ ಮೊಳೆಗೆ ನೇತುಹಾಕಿದ ಅಂಗಿಯ ಹಾಗೆ ಜೋತುಬಿದ್ದಿದೆ. ನಗಲು ನೋಡಿದ. ಅರ್ಧ ಮುಖ ಮಾತ್ರ ನಕ್ಕಿತು.

ಅವನು ನಗರದ ವಾದ್ಯವೃಂದದಲ್ಲಿ ಇಪ್ಪತ್ತಾರು ವರ್ಷದಿಂದ ಕ್ಲಾರಿನೆಟ್ ನುಡಿಸುತ್ತಿದ್ದವನು. ಐವತ್ತೊಂದು ವಯಸ್ಸು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳೇ ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಮುಖದ ನರ ಊದ್ಕೊಂಡಿದೆ," ಎಂದರು ಡಾಕ್ಟರು. "ಲಕ್ವ ಅಲ್ಲ, ಗಾಬರಿಯಾಗ್ಬೇಡಿ. ಮೂರು ವಾರಕ್ಕೆ ಸರಿಹೋಗಬಹುದು, ಮೂರು ತಿಂಗಳೂ ಹಿಡೀಬಹುದು. ಕೆಲವರಿಗೆ ಪೂರ್ತಿ ಹೋಗೋದಿಲ್ಲ."

"ಊದೋದು?"

"ತುಟಿನೇ ಮುಚ್ಚಲ್ವಲ್ಲ, ಹೇಗೆ ಊದ್ತೀರಿ?"

ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಕ್ಲಾರಿನೆಟ್ಟಿನ ತುದಿಯನ್ನು ಬಾಯಿಗಿಟ್ಟು ಊದಿದ. ಗಾಳಿ ಎಡಗಡೆಯಿಂದ ಪುಸ್ಸೆಂದು ಹೊರಟುಹೋಯಿತು. ಹೆಬ್ಬೆರಳಿನಿಂದ ತುಟಿಯ ಮೂಲೆ ಒತ್ತಿ ಹಿಡಿದ. ಆಗ ವಾದ್ಯ ಹಿಡಿಯಲು ಒಂದು ಕೈ ಸಾಲದಾಯಿತು. ಗಾಯಕ್ಕೆ ಹಾಕುವ ಪಟ್ಟಿಯನ್ನು ಬಾಯಿಗೆ ಅಂಟಿಸಿ ನೋಡಿದ. ಜೊಲ್ಲಿಗೆ ಪಟ್ಟಿ ನೆನೆದು ಬಿಟ್ಟುಕೊಂಡಿತು. ಒಂದು ಗಂಟೆ ಹೀಗೇ ಹೆಣಗಿದ ಮೇಲೆ ಹೊರಬಂದದ್ದು ಬಾಗಿಲು ಕಿರುಗುಟ್ಟಿದಂಥ ಒಂದು ಸದ್ದು ಮಾತ್ರ.

"ಮ್ಯಾನೇಜರಿಗೆ ಹೇಳಿಬಿಡಿ ರೀ," ಎಂದಳು ಹೆಂಡತಿ.

"ಹೇಳಿದ್ರೆ ನನ್ನ ಕಥೆ ಮುಗೀತು."

ಅವನ ಹೆದರಿಕೆ ಸುಳ್ಳಲ್ಲ. ಸಭಾಂಗಣದ ಚಾವಣಿ ಕುಸಿಯುವ ಹಾಗಿದೆ ಎಂದು ಆರು ತಿಂಗಳ ಹಿಂದೆ ಬೀಗ ಹಾಕಿದ್ದರು. ಅಂದಿನಿಂದ ವಾದಕರು ತಮ್ಮ ತಮ್ಮ ಮನೆಯಲ್ಲೇ ಫೋನಿನ ಮುಂದೆ ಕೂತು, ಹೆಸರು ಕೊಟ್ಟ ಕುಟುಂಬಗಳಿಗೆ ಭಾನುವಾರ ಹನ್ನೊಂದಕ್ಕೆ ಅರ್ಧ ಗಂಟೆ ನುಡಿಸುತ್ತಿದ್ದರು. ಎಂದೂ ಸಭಾಂಗಣದ ಮೆಟ್ಟಿಲು ಹತ್ತದವರ ಅಡುಗೆಮನೆಗೂ ಶಾಸ್ತ್ರೀಯ ಸಂಗೀತ ಹೋಗಲಿ ಅನ್ನುವುದು ಯೋಚನೆ. ಅವನ ಪಾಲಿಗೆ ಹನ್ನೆರಡು ಮನೆಗಳು ಬಂದಿದ್ದವು. ಮುಂದಿನ ವರ್ಷ ವೃಂದವನ್ನು ಚಿಕ್ಕದು ಮಾಡುತ್ತಾರೆ, ಇಬ್ಬರು ಕ್ಲಾರಿನೆಟ್ಟಿನವರಲ್ಲಿ ಒಬ್ಬರೇ ಉಳಿಯುವುದು ಎಂಬ ಮಾತೂ ಬಂದಿತ್ತು. ಇನ್ನೊಬ್ಬಳು ಅವನದೇ ಶಿಷ್ಯೆ. ಮೂವತ್ತರ ಹುಡುಗಿ, ಗಟ್ಟಿ ಉಸಿರು.

ಶನಿವಾರ ಹಳೆಯ ಲ್ಯಾಪ್‌ಟಾಪಿನಲ್ಲಿ ಏಳು ವರ್ಷದ ಹಿಂದೆ ತಾನೇ ಅಭ್ಯಾಸಕ್ಕೆಂದು ರೆಕಾರ್ಡ್ ಮಾಡಿಟ್ಟಿದ್ದ ತುಣುಕುಗಳು ಸಿಕ್ಕವು. ಅವನು ಬಹಳ ಹೊತ್ತು ಅವನ್ನೇ ನೋಡುತ್ತ ಕೂತ. ಆಮೇಲೆ ಎದ್ದು ದೀಪವನ್ನು ಬಲಗಡೆಗೆ ತಂದಿಟ್ಟ, ಎಡಗಡೆಯ ಪರದೆ ಎಳೆದ, ಕುರ್ಚಿಯನ್ನು ಓರೆ ಮಾಡಿದ.

ಇನ್ನು ಉಳಿದದ್ದು ಮಾತು. ತುಟಿ ಕೂಡದೆ ಪ, ಬ, ಮ ಹೊರಡುತ್ತಿರಲಿಲ್ಲ. 'ನಮಸ್ಕಾರ' ಅಂದರೆ ನಡುವೆ ಗಾಳಿ ನುಗ್ಗುತ್ತಿತ್ತು. 'ಮಕ್ಕಳೇ' ಅನ್ನುವುದಂತೂ ಸಾಧ್ಯವೇ ಇಲ್ಲ. ಕಾಗದ ಪೆನ್ನು ಹಿಡಿದು ಆ ಮೂರೂ ಅಕ್ಷರಗಳಿಲ್ಲದ ಮಾತುಗಳನ್ನು ಹುಡುಕಿ ಹುಡುಕಿ ಬರೆದ, ಕಾಪಿ ಹೊಡೆಯುವ ಹುಡುಗನ ಹಾಗೆ ಬೆವರುತ್ತ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಚಿಣ್ಣರೇ, ಹಿರಿಯರೇ, ಎಲ್ಲರೂ ಕೂತಿರಾ?" ಎಂದ ಭಾನುವಾರ. "ಇಂದು ನಿಧಾನದ ರಾಗ. ಉಸಿರು ಎಲ್ಲಿ ನಿಲ್ಲುತ್ತೆ ಅಂತ ಕೇಳಿ."

ಕಾಲ ಹೆಬ್ಬೆರಳಿನಿಂದ ಮೇಜಿನ ಕೆಳಗಿಟ್ಟಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಏಳು ವರ್ಷದ ಹಿಂದಿನ ಅವನ ಉಸಿರು ಕೋಣೆ ತುಂಬಿತು. ಅವನು ಬೆರಳಾಡಿಸುತ್ತ, ಹೆಗಲು ಏರಿಸಿ ಇಳಿಸುತ್ತ ನಟಿಸಿದ. ಫೋನಿನ ಪುಟ್ಟ ಪುಟ್ಟ ಚೌಕಗಳಲ್ಲಿ ಹನ್ನೆರಡು ಮನೆಯವರು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದ ರೆಕಾರ್ಡಿಂಗ್ ನೋಡಿದ ಮ್ಯಾನೇಜರ್ ಸಂಜೆ ಫೋನ್ ಮಾಡಿ, "ಎಷ್ಟು ವರ್ಷ ಆಗಿತ್ತು ನೀವು ಹೀಗೆ ನುಡಿಸಿ! ಇದನ್ನ ಮೇಲಿನವರಿಗೂ ಕಳಿಸ್ತೀನಿ," ಎಂದರು. ಅವನು ಹ್ಞೂಂ ಎಂದು ಫೋನಿಟ್ಟು ದೀಪವನ್ನು ಮೊದಲಿದ್ದ ಜಾಗಕ್ಕೆ ಸರಿಸಿದ.

ಎರಡನೆಯ ಭಾನುವಾರವೂ ಸಾಗಿತು. ಹನ್ನೆರಡರಲ್ಲಿ ಒಂದು ಮನೆ ಬಸ್ ಡ್ರೈವರೊಬ್ಬನದು. ಅವನ ಒಂಬತ್ತು ವರ್ಷದ ಮಗಳನ್ನು ಮನೆಯಲ್ಲಿ ಚೂಟಿ ಎಂದು ಕರೆಯುತ್ತಿದ್ದರು. ಹಾಸಿಗೆ ಹಿಡಿದ ಅಜ್ಜಿಯ ದಿಂಬಿನ ಪಕ್ಕದಲ್ಲೇ ಅವಳು ಫೋನ್ ಇಟ್ಟುಕೊಂಡು ಕೂರುತ್ತಿದ್ದಳು. "ಅಮ್ಮ ಯಾರ ಜೊತೇನೂ ಮಾತಾಡಲ್ಲ ಸರ್," ಎಂದ ಡ್ರೈವರ್ ಆ ದಿನ. "ನೀವು ನುಡಿಸುವಾಗ ಮಾತ್ರ ಬೆರಳು ಆಡಿಸ್ತಾರೆ."

ಮೂರನೆಯ ಭಾನುವಾರ ನುಡಿಸಿ ಮುಗಿದಂತೆ ನಟಿಸಿ ವಾದ್ಯ ಕೆಳಗಿಡುವಾಗ ಚೂಟಿ ಕೈ ಎತ್ತಿದಳು.

"ಕ್ಲಾರಿನೆಟ್ ಮಾಮ, ಆ ಕೊನೇ ಸ್ವರ ಇನ್ನೊಂದ್ಸಲ ಊದಿ. ಅದೊಂದೇ. ಉದ್ದಕ್ಕೆ. ಅಜ್ಜಿ ಕಣ್ಣು ಬಿಟ್ಟಿದಾರೆ."

ಒಂದೇ ಒಂದು ಸ್ವರ. ರೆಕಾರ್ಡಿನಲ್ಲಿ ಅದನ್ನು ಮಾತ್ರ ಹುಡುಕಿ ತೆಗೆಯುವುದು ಕಾಲ ಬೆರಳಿಗೆ ಆಗುವ ಕೆಲಸವಲ್ಲ. ಕ್ಲಾರಿನೆಟ್ ಎತ್ತಿ ಬಾಯಿಗಿಟ್ಟ. ಒಂದು ಮನೆಯಲ್ಲಿ ಯಾರೋ ಕುಕ್ಕರ್ ಆರಿಸಿದರು. ಊದಿದರೆ ಬರುವುದೇನು ಎಂದು ಅವನಿಗೆ ಗೊತ್ತಿತ್ತು. "ಲೈನ್ ಸರಿಯಿಲ್ಲ... ಕೇಳಿಸ್ತಿಲ್ಲ..." ಎನ್ನುತ್ತ ಫೋನ್ ಆರಿಸಿಬಿಟ್ಟ.

ಆರಿಸಿದ ಫೋನಿನ ಮುಂದೆ ಹಾಗೇ ಕೂತ. ಎಡ ಕೆನ್ನೆಯನ್ನು ಎರಡೂ ಕೈಯಿಂದ ಹಿಡಿದು, ಮಗುವಿನ ಕೆನ್ನೆ ಹಿಂಡುವ ಹಾಗೆ ಹಿಂಡಿದ. ಚರ್ಮ ಕೆಂಪಾಯಿತು; ಮಿಸುಕಲಿಲ್ಲ.

"ಬಿಡ್ರೀ, ಗಾಯ ಆಗುತ್ತೆ!" ಹೆಂಡತಿ ಓಡಿಬಂದು ಕೈ ಬಿಡಿಸಿದಳು.

"ಆಗ್ಲಿ. ಈ ಬಾಯಿ ಇದ್ರೆಷ್ಟು ಬಿಟ್ರೆಷ್ಟು? ಇದೊಂದರಿಂದ ನಾನು ಮನುಷ್ಯ ಅನ್ನಿಸ್ಕೊಂಡಿದ್ದೆ ಕಣೇ." ಆಡಿದ್ದರಲ್ಲಿ ಅರ್ಧ ಗಾಳಿಯೇ ಇತ್ತು. ಅವಳಿಗೆ ಅರ್ಥವಾಯಿತು. ಅವಳು ಕಣ್ಣಿನ ಹನಿಯ ಸೀಸೆ ತಂದು, ಮುಚ್ಚಲಾರದ ಆ ಕಣ್ಣಿಗೆ ಎರಡು ಹನಿ ಬಿಟ್ಟಳು. ಅದು ಹನಿಯೋ ಅವನ ಅಳುವೋ ಹೇಳಲಾಗದಂತೆ ಕೆನ್ನೆಯ ಮೇಲೆ ಇಳಿಯಿತು.

ಸಂಜೆ ಐದಕ್ಕೆ ಡ್ರೈವರನ ಫೋನ್ ಬಂತು. ಅವನು ಎತ್ತಲಿಲ್ಲ. ಮತ್ತೆ ಬಂತು. ಮೂರನೆಯ ಸಲ ಹೆಂಡತಿಯೇ ಎತ್ತಿ ಅವನ ಕಿವಿಗೆ ಹಿಡಿದಳು. ಆ ಕಡೆಯಿಂದ ಬಂದದ್ದು ಚೂಟಿಯ ದನಿ.

"ಮಾಮ, ನಾನು ಕೇಳಿದ್ದು ತಪ್ಪಾಯ್ತಾ? ಅದಕ್ಕೇ ಆಫ್ ಮಾಡ್ಬಿಟ್ರಾ? ಅಪ್ಪ ಬೈದ್ರು. ನಾನು ಇನ್ಮೇಲೆ ಏನೂ ಕೇಳಲ್ಲ ಮಾಮ. ಅಜ್ಜಿಗೋಸ್ಕರ ನುಡಿಸಿ."

ಅವನಿಗೆ ಆಮೇಲೆ ಯಾವ ಸುಳ್ಳೂ ಹೊಳೆಯಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ವಿಡಿಯೋ ಒತ್ತಿದ. ದೀಪದ ಎದುರಿಗೆ ತಿರುಗಿ ಕೂತು ಮುಖವನ್ನು ಪೂರ್ತಿ ತೋರಿಸಿದ. ಹುಡುಗಿ ಬಾಯಿ ತೆರೆದು ನೋಡಿದಳು.

"ನಿನ್ನ ತಪ್ಪಿಲ್ಲ ಕಂದ. ನೋಡು, ನನ್ನ ಬಾಯಿ ಹೀಗಾಗಿದೆ. ಊದಕ್ಕಾಗಲ್ಲ. ಮೂರು ವಾರದಿಂದ ನೀವು ಕೇಳಿದ್ದು ಹಳೇ ರೆಕಾರ್ಡು."

ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ಅಜ್ಜಿ ಕೇಳಿದ್ದು ನೀವಲ್ವಾ?"

"ನಾನೇ. ಆದ್ರೆ ಏಳು ವರ್ಷದ ಹಿಂದಿನ ನಾನು."

"ಊದೋ ಹಾಗೆ ಮಾಡ್ತಿದ್ರಲ್ಲ!"

"ಹ್ಞೂಂ. ಸುಳ್ಳು."

ಚೂಟಿ ಫೋನನ್ನು ಅಪ್ಪನ ಕೈಗೆ ತುರುಕಿ ಹೊರಟುಹೋದಳು. "ಹೇಳಿದ್ದಿದ್ರೆ ಕಾಯ್ತಿದ್ವಲ್ಲ ಸರ್," ಎಂದ ಡ್ರೈವರ್.

ಫೋನಿಟ್ಟ ಮೇಲೆ ಅವನು ಶಿಷ್ಯೆಗೆ ಕರೆ ಮಾಡಿದ. ಯಾರಿಗೆ ತಿಳಿಯಬಾರದು ಎಂದು ಮೂರು ವಾರ ಒದ್ದಾಡಿದ್ದನೋ ಅವಳಿಗೇ ಎಲ್ಲ ಹೇಳಿದ.

"ಏನ್ ಸರ್ ಇದು, ನನಗೊಂದು ಮಾತು..." ಎಂದಳು ಅವಳು.

"ಅದೆಲ್ಲ ಆಮೇಲೆ ಬೈಯಮ್ಮ. ಈಗ ಒಂದು ನಂಬರ್ ಕೊಡ್ತೀನಿ. ಒಬ್ಬರು ಅಜ್ಜಿ ಇದಾರೆ. ನಿಧಾನದ ಆ ತುಣುಕಿದೆಯಲ್ಲ, ಅದನ್ನ ಅವರಿಗೆ ನುಡಿಸು. ಕೊನೇ ಸ್ವರ ಉಸಿರಿರೋ ತನಕ ಹಿಡಿ."

ಅವಳು ನುಡಿಸಿದಳಂತೆ. ಅಜ್ಜಿ ಕಣ್ಣು ಬಿಟ್ಟುಕೊಂಡೇ ಕೇಳಿದರಂತೆ. ಅವನು ಅದನ್ನು ಕೇಳಲಿಲ್ಲ. ಆ ಹೊತ್ತಿನಲ್ಲಿ ಮ್ಯಾನೇಜರ ಜೊತೆ ಮಾತಾಡುತ್ತಿದ್ದ.

"ಕಾಯಿಲೆ ಅಂದಿದ್ರೆ ರಜೆ ಕೊಡ್ತಿದ್ದೆ," ಎಂದರು ಮ್ಯಾನೇಜರ್. "ನಮ್ಮ ಹೆಸರಲ್ಲಿ ಜನರ ಮನೆ ಒಳಗೆ ಹೋಗಿ ಸುಳ್ಳು ನುಡಿಸಿದ್ರಲ್ಲ, ಅದಕ್ಕೆ ನಾನೇನು ಮಾಡ್ಲಿ ಹೇಳಿ?" ಅವನು ಹನ್ನೆರಡೂ ಮನೆಗಳಿಗೆ ಕ್ಷಮೆಯ ಪತ್ರ ಬರೆದ. ಮೂರು ಮನೆಯವರು ಹೆಸರು ತೆಗೆಸಿದರು. ಉಳಿದವರ ಭಾನುವಾರಗಳು ಶಿಷ್ಯೆಗೆ ಹೋದವು, ವರ್ಷದ ಕೊನೆಗೆ ವೃಂದದ ಕ್ಲಾರಿನೆಟ್ ಕುರ್ಚಿಯೂ ಅವಳದೇ ಆಯಿತು. ಅವಳು ಮನೆಗೆ ಬಂದು ಅತ್ತಳು. ಅವನೇ ಸಮಾಧಾನ ಮಾಡಿ ಕಳಿಸಿದ. ಬಾಗಿಲು ಹಾಕಿ ಬಂದು ಎರಡು ದಿನ ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆಯಲಿಲ್ಲ.

ನಾಲ್ಕು ತಿಂಗಳಿಗೆ ಮುಖ ಮುಕ್ಕಾಲು ಪಾಲು ತಿರುಗಿ ಬಂತು. ಕಣ್ಣು ಮುಚ್ಚುತ್ತಿತ್ತು, ತುಟಿ ಕೂಡುತ್ತಿತ್ತು. ಹತ್ತು ನಿಮಿಷ ಊದಿದರೆ ಎಡಗಡೆ ಸೋತು ಗಾಳಿ ಬಿಡುತ್ತಿತ್ತು. ಅಷ್ಟೇ ಇನ್ನು, ಎಂದರು ಡಾಕ್ಟರು.

ಅಜ್ಜಿ ತೀರಿಕೊಂಡ ಸುದ್ದಿ ಶಿಷ್ಯೆಯಿಂದ ತಿಳಿಯಿತು. ಒಂದು ವಾರ ಯೋಚಿಸಿ, ವಿಳಾಸ ಕೇಳಿಕೊಂಡು, ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಹೋದ. ಮೂರನೆಯ ಮಹಡಿ. ಡ್ರೈವರ್ ಒಳಗೆ ಕರೆದು ಕೂರಿಸಿ ಚಹಾ ಕೊಟ್ಟ. ಕಿಟಕಿಯ ಹತ್ತಿರ ಖಾಲಿ ಮಂಚವಿತ್ತು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚೂಟಿ ಅಲ್ಲಿ ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದೆರಡು ನಿಮಿಷ ನುಡಿಸ್ಲಾ?" ಎಂದು ಕೇಳಿದ.

ಡ್ರೈವರ್ ಒಳಕೋಣೆಯ ಕಡೆ ನೋಡಿದ. "ಇವತ್ತು ಬೇಡ ಸರ್."

ಅವನು ಚಹಾ ಮುಗಿಸಿ ಎದ್ದ. ಒಂದು ಮಹಡಿ ಇಳಿಯುವಷ್ಟರಲ್ಲಿ ಮೇಲಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಚೂಟಿ ಮೆಟ್ಟಿಲಿನ ಕಂಬಿಗೆ ಒರಗಿ ಕೆಳಗೆ ಬಗ್ಗಿ ನೋಡುತ್ತಿದ್ದಳು.

"ಇನ್ನೂ ನೋಯುತ್ತಾ?"

"ನೋವಿಲ್ಲ. ಸುಸ್ತಾಗುತ್ತೆ."

ಅವಳು ಇನ್ನೇನೋ ಕೇಳುವವಳಂತೆ ನಿಂತಳು. ಒಳಗಿನಿಂದ ಅಪ್ಪ ಕರೆದ. ಹೋದಳು. ಅವನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಉಳಿದ ಮೆಟ್ಟಿಲು ಇಳಿದ.