ಸುಮ್ಮನಿರುವ ಆಸನ

ಪದ್ಮಾಬಾಯಿ ಮೊಣಕಾಲು ಮಡಿಸದೆ ಬಗ್ಗಿ ಎರಡೂ ಕೈಯಿಂದ ತನ್ನ ಕಾಲ್ಬೆರಳು ಮುಟ್ಟಿದಳು. ಇದಕ್ಕೆ ಅವಳಿಗೆ ಎರಡು ವರ್ಷ ನಾಲ್ಕು ತಿಂಗಳು ಹಿಡಿದಿತ್ತು. ಐವತ್ತನಾಲ್ಕು ದಾಟಿದ ಹೆಂಗಸು ಹೀಗೆ ಬಗ್ಗುವುದನ್ನು ಕಂಡು ಎದುರಿಗಿದ್ದವರು ಮೂಗಿನ ಮೇಲೆ ಬೆರಳಿಡುತ್ತಾರೆಂದು ಎಣಿಸಿ, ಮೆಚ್ಚುಗೆಯ ಮಾತು ಬರಲಿ ಎಂದು ಒಂದಿಷ್ಟು ಹೊತ್ತು ಹಾಗೇ ಇದ್ದಳು. ಮಾತು ಬರಲಿಲ್ಲ. ತಲೆ ಎತ್ತಿ ನೋಡಿದರೆ ಕುರುಗೋಡಿನ ಮಹಿಳಾ ಸಂಘದ ಹಾಲ್‌ನಲ್ಲಿ ಇಪ್ಪತ್ತೆರಡು ಹೆಂಗಸರೂ ಬಗ್ಗಿ ನಿಂತಿದ್ದರು. ಬೆರಳಲ್ಲ, ಇಡೀ ಅಂಗೈಯನ್ನೇ ನೆಲಕ್ಕೆ ಊರಿದ್ದರು. ಊರಿಕೊಂಡೇ ಇಬ್ಬರು ಯಾರದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು.

“ಮುಂದೇನ್ರಿ ಅಮ್ಮಾರ?” ಸಂಘದ ಅಧ್ಯಕ್ಷೆ ಹೊನ್ನೂರಮ್ಮ ಬಗ್ಗಿದಲ್ಲಿಂದಲೇ ಕೇಳಿದಳು.

“ಇದೇ ಆಸನ. ಇನ್ನೊಂದಿಷ್ಟು ಹೊತ್ತು ಹಿಂಗೇ ಇರ್ರಿ.”

“ಎಷ್ಟೊತ್ತರ ಇರ್ತೀವ್ರಿ. ಭತ್ತ ನಾಟಿ ಮಾಡೋರು ನಾವು, ವರ್ಷಕ್ಕ ಎರಡು ಬೆಳಿ, ದಿನಾ ಎಂಟು ತಾಸು ಹಿಂಗ ಇರ್ತೀವಿ. ಬಗ್ಗೋದು ಕಲಸಾಕ ಬಳ್ಳಾರಿಯಿಂದ ಬಸ್ ಹತ್ತಿ ಬಂದೀರೇನ್ರಿ ನೀವು?”

ಹೊನ್ನೂರಮ್ಮನ ದನಿಯಲ್ಲಿ ಕುಹಕವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ಅದಕ್ಕೇ ಪದ್ಮಾಬಾಯಿಗೆ ಇನ್ನಷ್ಟು ನಾಚಿಕೆಯಾಯಿತು.

ಇದೆಲ್ಲ ಶುರುವಾದದ್ದು ಒಂದು ರಂಗೋಲಿಯಿಂದ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯ ಮುಂದೆ ಒಂದು ಬೆಳಿಗ್ಗೆ ಮಡಿಯುಟ್ಟು ರಂಗೋಲಿ ಹಾಕಲು ಕೂತ ಪದ್ಮಾಬಾಯಿಗೆ ಏಳಲು ಆಗಲಿಲ್ಲ. ಮೊಣಕಾಲು ಹಿಡಿದುಬಿಟ್ಟಿತ್ತು. ಹಾಲಿನವನು ಕೈ ಕೊಡಲು ಬಂದ, ಮಡಿಯಲ್ಲಿ ಅವನ ಕೈ ಹಿಡಿಯುವ ಹಾಗಿರಲಿಲ್ಲ. ಗಂಡ ಗೋಪಾಲಕೃಷ್ಣ ಸ್ನಾನ ಮುಗಿಸಿ ಹೊರಗೆ ಬರುವವರೆಗೂ, ಅಕ್ಕಪಕ್ಕದವರಿಗೆ ವಿಷಯ ತಿಳಿಯದಿರಲಿ ಎಂದು, ಕೂತಲ್ಲಿಂದಲೇ ಸುತ್ತ ಚುಕ್ಕಿ ಇಟ್ಟು ಎಳೆ ಎಳೆಯುತ್ತಲೇ ಇದ್ದಳು. ಅವತ್ತು ಇಡೀ ಬೀದಿ ಇವರ ಮನೆಯಲ್ಲಿ ಏನು ವಿಶೇಷ ಎಂದು ಕೇಳಿತು. ಮಾರನೆಯ ದಿನ ಡಾಕ್ಟರು ಜೀವನಪೂರ್ತಿ ಗುಳಿಗೆ ನುಂಗುತ್ತೀರೋ, ಯೋಗ ಕಲಿಯುತ್ತೀರೋ ಎಂದರು.

ಪಕ್ಕದ ರಸ್ತೆಯಲ್ಲಿ ಮಹಡಿಯ ಮೇಲೊಂದು ಯೋಗ ಕೇಂದ್ರವಿತ್ತು. ಕಲಿಸುವವನು ವಿಶ್ವಪ್ರಿಯ, ಇಪ್ಪತ್ತೆಂಟರ ಹುಡುಗ, ಬಿಳಿ ಜುಬ್ಬಾ, ಅಳೆದು ತೂಗಿದ ಮಾತು. ಉಳಿದವರೆಲ್ಲ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದರೆ ಪದ್ಮಾಬಾಯಿ ಕಚ್ಚೆ ಸೀರೆಯಲ್ಲೇ ಹೋದಳು. ಕಾಲು ಎತ್ತ ಬೇಕಾದರೂ ಹೋಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಪ್ರತಿ ಆಸನದಲ್ಲಿ ಮನಸ್ಸಿನಲ್ಲೇ ಹತ್ತು ಎಣಿಸಿ ಇಳಿಯಿರಿ ಎಂದು ವಿಶ್ವಪ್ರಿಯ ಹೇಳುತ್ತಿದ್ದ. ತೊಂದರೆಯಾದದ್ದು ಅಲ್ಲಿ. ಸಿರುಗುಪ್ಪದ ತವರಿನಲ್ಲಿ ಅಜ್ಜಿ ಒಲೆಯ ಮುಂದೆ ಹೊತ್ತು ಅಳೆಯುತ್ತಿದ್ದದ್ದು ಗಡಿಯಾರದಿಂದಲ್ಲ, ಕೇಶವ, ನಾರಾಯಣ, ಮಾಧವ ಎಂದು ಇಪ್ಪತ್ನಾಲ್ಕು ನಾಮ ಹೇಳಿಕೊಂಡು. ಮೊಮ್ಮಗಳಿಗೂ ಅದೇ ರೂಢಿ. ಹತ್ತಕ್ಕೆ ಸರಿಯಾಗಿ ಹೃಷೀಕೇಶ ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಉಳಿದ ಹದಿನಾಲ್ಕು ಮಂದಿಯನ್ನು ಅರ್ಧ ದಾರಿಯಲ್ಲಿ ಕೈಬಿಡುವುದು ಹೇಗೆ? ಹಾಗಾಗಿ ಎಲ್ಲರೂ ಕಾಲು ಇಳಿಸಿ ಬೆವರು ಒರೆಸಿಕೊಳ್ಳುವಾಗ ಪದ್ಮಾಬಾಯಿ ಒಬ್ಬಳೇ ಹಿಂದಿನ ಸಾಲಿನಲ್ಲಿ ಒಂಟಿಕಾಲಿನಲ್ಲಿ ನಿಂತಿರುತ್ತಿದ್ದಳು.

“ಸ್ಥೈರ್ಯ ಅಂದ್ರ ಇದು ನೋಡ್ರಿ,” ಎಂದು ವಿಶ್ವಪ್ರಿಯ ಒಂದು ದಿನ ಎಲ್ಲರ ಮುಂದೆ ಹೇಳಿದ. “ಪದ್ಮಾಬಾಯಿಯವ್ರೆ, ನೀವು ಶಿಕ್ಷಕಿ ಆಗಬೇಕು. ಈ ಸಲದ ತರಬೇತಿಗೆ ನಿಮ್ಮ ಹೆಸರು ಬರ್ಕೋತೀನಿ, ಏನಂತೀರಿ?”

ಅವಳ ಕಾಲು ಥರಥರ ನಡುಗುತ್ತಿದ್ದುದು ಕಚ್ಚೆಯೊಳಗೆ ಅವನಿಗೆ ಕಾಣಿಸಲಿಲ್ಲ. ಪ್ರದ್ಯುಮ್ನ ಮುಗಿದು ಅನಿರುದ್ಧ ನಡೆದಿತ್ತು, ನಡುವೆ ಉತ್ತರ ಕೊಡುವ ಹಾಗಿರಲಿಲ್ಲ. ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ.

ಕಾಲು ಇಳಿಸಿದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಪಿಯುಸಿ ಮುಗಿಸಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕ ವಾರವೇ ಗೋಪಾಲಕೃಷ್ಣನ ಜಾತಕ ಮನೆಗೆ ಬಂದಿತ್ತು. ಜಾತಕ ಕೂಡಿತು, ಸೀಟು ಬೇರೆ ಯಾರಿಗೋ ಹೋಯಿತು. ಮೂವತ್ತೈದು ವರ್ಷ ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಈಗ ಹುಡುಗನೊಬ್ಬ ನಾಲ್ಕು ಜನರ ಮುಂದೆ ಶಿಕ್ಷಕಿ ಎಂದದ್ದೇ ತಡ, ಆ ಆಸೆ ನಿನ್ನೆ ಮೊನ್ನೆಯದೆಂಬಂತೆ ಎದ್ದು ಕೂತಿತು. ಆ ರಾತ್ರಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

“ನೆಲದ ಮ್ಯಾಲೆ ಬಿದ್ದು ಏಳ್ಲಿಕ್ಕೆ ಸರ್ಟಿಫಿಕೇಟ್ ಯಾಕ ಬೇಕು?” ಎಂದ ಗೋಪಾಲಕೃಷ್ಣ, ಸಾರನ್ನು ದೂರ ತಳ್ಳಿ. ಆದರೂ ಕೊನೆಗೆ ದಾರಿ ತೋರಿಸಿದವನು ಅವನೇ. ನಿವೃತ್ತಿಗೆ ಮುಂಚೆ ಅವನು ಕುರುಗೋಡಿನಲ್ಲಿ ಗುಮಾಸ್ತನಾಗಿದ್ದ. ತರಬೇತಿಯ ನಿಯಮದಂತೆ ಯಾವುದಾದರೂ ಊರಿನಲ್ಲಿ ಇಪ್ಪತ್ತು ಜನಕ್ಕೆ ಕಡಿಮೆಯಿಲ್ಲದಂತೆ ಇಪ್ಪತ್ತೊಂದು ದಿನ ಪಾಠ ಮಾಡಬೇಕು. ಕೊನೆಯ ದಿನ ಪರೀಕ್ಷಕ ಬಂದಾಗ ಕಲಿತವರು ಐದು ಆಸನ ಮಾಡಿ ತೋರಿಸಬೇಕು. ಐವತ್ತೈದು ದಾಟಿದವರಿಗೆ ಕೇಂದ್ರದಲ್ಲಿ ತರಬೇತಿ ಇಲ್ಲವಾದ್ದರಿಂದ ಪದ್ಮಾಬಾಯಿಗೆ ಇದು ಮೊದಲನೆಯ ಅವಕಾಶ, ಕೊನೆಯದೂ ಇದೇ. “ಅಲ್ಲಿ ಹೊನ್ನೂರಮ್ಮ ಅಂತ ಇದ್ದಾಳ, ನಾಟಿ ಗುಂಪಿನ ಮೇಸ್ತ್ರಿ,” ಎಂದ ಗೋಪಾಲಕೃಷ್ಣ. “ಆಕಿ ಹೂಂ ಅಂದ್ರ ಇಪ್ಪತ್ತಲ್ಲ, ನಲವತ್ತು ಮಂದಿ ಬರ್ತಾರ. ಆದ್ರ ನನ್ನ ಊಟ ಮುಗಿಸಿ ಬಸ್ ಹತ್ತು.”

ಬಂದವರು ಇಪ್ಪತ್ತೆರಡು. ಮೊದಲ ದಿನವೇ ಪದ್ಮಾಬಾಯಿಯ ಎರಡು ವರ್ಷದ ವಿದ್ಯೆ ಹತ್ತು ನಿಮಿಷಕ್ಕೆ ಖಾಲಿಯಾಯಿತು. ಕುಕ್ಕರಗಾಲಿನಲ್ಲಿ ಕೂರಿ ಎಂದರೆ ಅವರು ಹುಟ್ಟಿದ್ದೇ ಹಾಗೆ ಎಂಬಂತೆ ಕೂತರು. ಕೈ ಮೇಲೆತ್ತಿ ಎಂದರೆ ತಲೆಯ ಮೇಲೆ ಹೊರೆ ಹಿಡಿದವರ ಹಾಗೆ ಎತ್ತಿ ಹಾಗೇ ನಿಂತರು. ಅವಳು ಕೇಶವ, ನಾರಾಯಣ ಎಂದು ಶುರುಮಾಡಿದರೆ ಅದು ಎಷ್ಟಕ್ಕೆ ಮುಗಿಯುತ್ತದೆಂದು ಯಾರಿಗೂ ಗೊತ್ತಾಗಲಿಲ್ಲ. ಹೊನ್ನೂರಮ್ಮ ಎಣಿಕೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಕಣದಲ್ಲಿ ರಾಶಿ ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. “ಲಾಭ, ಎರಡು, ಮೂರು,” ಎಂದು ಅವಳು ಕೂಗಿದಳು, ಹಾಲ್ ತುಂಬ ಹೆಂಗಸರು ಲಾಭಕ್ಕೆ ಉಸಿರು ಎಳೆದು ಎರಡಕ್ಕೆ ಬಿಟ್ಟರು.

“ಬಗ್ಗೋದು, ಕುಂದ್ರೋದು, ಎತ್ತೋದು ಎಲ್ಲಾ ಬರ್ತೈತ್ರಿ ನಮಗ,” ಎಂದಳು ಕಾವೇರಿ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. “ಬರದಿರೋದು ಏನರ ಇದ್ರ ಹೇಳ್ರಿ.”

ಪದ್ಮಾಬಾಯಿ ಯೋಚಿಸಿದಳು. ಉಳಿದದ್ದು ಒಂದೇ ಇತ್ತು. “ಮಲ್ಕೊಳ್ರಿ,” ಎಂದಳು. “ಅಂಗಾತ. ಇದಕ್ಕ ಶವಾಸನ ಅಂತಾರ.”

“ಆ ಹೆಸರು ಬ್ಯಾಡ್ರಿ,” ಎಂದಳು ಹೊನ್ನೂರಮ್ಮ. “ಮನ್ಯಾಗ ಕೇಳಿದ್ರ ನಾಳಿಂದ ಯಾರನ್ನೂ ಕಳಸಂಗಿಲ್ಲ.” ಅಂದಿನಿಂದ ಅದು ಸುಮ್ಮನಿರೋ ಆಸನವಾಯಿತು.

ಅದು ಮಾತ್ರ ಅವರಿಗೆ ಬರಲಿಲ್ಲ. ಇಪ್ಪತ್ತೆರಡು ಜನ ಸಾಲಾಗಿ ಮಲಗಿ, ಸೆರಗನ್ನು ಬಿಗಿಹಿಡಿದು, ಕಣ್ಣು ತೆರೆದುಕೊಂಡು ಫ್ಯಾನು ನೋಡುತ್ತಿದ್ದರು. ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಯಾರಾದರೂ ಕಂಡರೆ ಎಂಬ ಭಯಕ್ಕೆ ಬಾಗಿಲ ಹತ್ತಿರದವಳು ಕಾವಲು ಕಾಯುತ್ತಿದ್ದಳು. ನಿಮಿಷಕ್ಕೊಮ್ಮೆ ಯಾರಾದರೂ “ಈಗ ಏಳಾನೇನ್ರಿ?” ಎನ್ನುತ್ತಿದ್ದರು. ಒಬ್ಬಳು ಮಲಗಿದಲ್ಲೇ ಒಲೆಯ ಮೇಲಿಟ್ಟ ನೀರು ನೆನಪಾಗಿ ಎದ್ದು ಓಡಿದಳು. ಎಲ್ಲರಿಗಿಂತ ದಡ್ಡ ವಿದ್ಯಾರ್ಥಿನಿ ಹೊನ್ನೂರಮ್ಮ. ಅವಳು ಅಂಗಾತ ಮಲಗಿಕೊಂಡೇ ಮರುದಿನ ಯಾರು ಎಲ್ಲಿಗೆ ಹೋಗಬೇಕೆಂದು ಅಪ್ಪಣೆ ಕೊಡುತ್ತಿದ್ದಳು. ಮೈ ಸಡಿಲ ಬಿಡಿ ಎಂದರೆ “ಬಿಟ್ಟೀನ್ರಿ” ಎಂದು ಇನ್ನಷ್ಟು ಬಿಗಿಯಾಗುತ್ತಿದ್ದಳು. ಪದ್ಮಾಬಾಯಿ ದಿನಾ ಇಪ್ಪತ್ತು ನಿಮಿಷ ಅವರ ನಡುವೆ ಓಡಾಡಿ, ಒಬ್ಬೊಬ್ಬರ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಸಿದಳು. ಹದಿನೈದನೆಯ ದಿನಕ್ಕೆ ಮಾತು ನಿಂತಿತು. ಅವಳಿಗೆ ಅದೇ ದೊಡ್ಡ ಗೆಲುವಾಗಿ ಕಂಡು, ಬಸ್ಸಿನಲ್ಲಿ ಬಳ್ಳಾರಿ ತಲುಪುವವರೆಗೂ ಒಬ್ಬಳೇ ನಗುತ್ತ ಕೂತಿದ್ದಳು. ಪರೀಕ್ಷೆಯ ಐದು ಆಸನಗಳ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಅವರು ನಿದ್ದೆಗಣ್ಣಿನಲ್ಲೂ ಮಾಡಿ ತೋರಿಸುತ್ತಿದ್ದರು.

ಹದಿನೇಳನೆಯ ದಿನ ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾಯಿತು. ಇನ್ನು ಇವರು ಬರಲಾರರು ಎಂದು ಪದ್ಮಾಬಾಯಿ ಎದೆ ಗಟ್ಟಿಮಾಡಿಕೊಂಡಳು. ಆದರೆ ಇಪ್ಪತ್ತೊಂದೂ ದಿನ ಬರುತ್ತೇವೆಂದು ಹೊನ್ನೂರಮ್ಮ ಮಾತು ಕೊಟ್ಟಿದ್ದಳು, ತಪ್ಪಲಿಲ್ಲ. ಇಪ್ಪತ್ತೊಂದನೆಯ ದಿನ ನಾಲ್ಕು ಗಂಟೆಗೆ ಟ್ರ್ಯಾಕ್ಟರೊಂದು ಹಾಲ್ ಮುಂದೆ ನಿಂತು, ಇಪ್ಪತ್ತೆರಡೂ ಜನ ಗದ್ದೆಯಿಂದ ನೇರ ಬಂದಿಳಿದರು. ಸೀರೆಯ ಅಂಚು ಒದ್ದೆ, ಕಾಲುವೆಯಲ್ಲಿ ತೊಳೆದರೂ ಬಿಡದ ಕೆಸರು ಉಗುರಿನಲ್ಲಿ.

“ಎಲ್ಲಿ ಅದಾರ್ರಿ ಪರೀಕ್ಷಾ ಸಾಹೇಬ್ರು?” ಎಂದಳು ಹೊನ್ನೂರಮ್ಮ. “ಲಗೂನ ಮುಗಿಸಾನ.”

ಪರೀಕ್ಷೆಗೆ ಬರಬೇಕಾದವನು ವಿಶ್ವಪ್ರಿಯನೇ. ಸಿರುಗುಪ್ಪದಲ್ಲಿ ಇನ್ನೊಂದು ಪರೀಕ್ಷೆ ಮುಗಿಸಿ ಬರುತ್ತಿದ್ದ ಅವನಿಗೆ ಬಸ್ ತಡವಾಗಿತ್ತು. ಗೋಡೆಗೆ ಒರಗಿ ನಿಂತೇ ತೂಕಡಿಸುತ್ತಿದ್ದ ಕಾವೇರಿಯನ್ನು ಕಂಡು ಪದ್ಮಾಬಾಯಿ, “ಸರ್ ಬರೋತನಕ ಐದು ನಿಮಿಷ ಮಲ್ಕೊಳ್ರಿ,” ಎಂದಳು.

ಯಾರೂ ಸೆರಗು ಹಿಡಿಯಲಿಲ್ಲ, ಬಾಗಿಲು ಕಾಯಲಿಲ್ಲ. ಮೂರನೆಯ ನಿಮಿಷಕ್ಕೆ ಒಂದು ಗೊರಕೆ ಎದ್ದಿತು, ಆಮೇಲೆ ನಾಲ್ಕೈದು. ಹೊನ್ನೂರಮ್ಮನ ಬಲಗೈ ಮಾತ್ರ ನಿದ್ದೆಯಲ್ಲೂ ಕೆಲಸ ಮಾಡುತ್ತಿತ್ತು. ಹೆಬ್ಬೆರಳೂ ಎರಡು ಬೆರಳೂ ಕೂಡಿ, ಇಲ್ಲದ ಸಸಿಯನ್ನು ಸಿಮೆಂಟ್ ನೆಲಕ್ಕೆ ಒತ್ತುತ್ತಿದ್ದವು. ಒತ್ತಿ, ಅರ್ಧ ಗೇಣು ಸರಿದು, ಮತ್ತೆ ಒತ್ತುತ್ತಿದ್ದವು. ಪದ್ಮಾಬಾಯಿ ನೋಡುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು, ಕೈ ಅಂಗೈ ಮೇಲಾಗಿ ಬಿದ್ದುಕೊಂಡಿತು.

ಅಷ್ಟರಲ್ಲಿ ವಿಶ್ವಪ್ರಿಯ ಬಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಅಲ್ಲೇ ನಿಂತ.

“ಏನಿದು?”

“ಶವಾಸನ ಸರ್.”

“ಅದು ಕಡೀಗೆ ಮಾಡ್ಸೋದು ಅಲ್ಲೇನ್ರಿ?”

“ಇವ್ರಿಗೆ ಇದು ಕಡೀದೇ ಸರ್. ಉಳದದ್ದೆಲ್ಲಾ ಬೆಳಿಗ್ಗೆ ಏಳರಿಂದ ಮಾಡಿ ಬಂದಾರ.”

ವಿಶ್ವಪ್ರಿಯ ಕೆಟ್ಟವನಲ್ಲ. ಫಾರಂ ತೆಗೆದು ತೋರಿಸಿದ. “ಐದು ಆಸನಕ್ಕ ಐದು ಕಾಲಂ ಅವ. ಹತ್ತು ನಿಮಿಷ ಎಬ್ಬಿಸ್ರಿ, ಮುಗಿಸಿಬಿಡೋಣ. ಇಲ್ಲಂದ್ರ ನಾನು ಸೊನ್ನೆ ಹಾಕ್ಬೇಕಾಗ್ತದ. ಮುಂದಿನ ವರ್ಷ ನಿಮಗ ಅವಕಾಶ ಇಲ್ಲ, ಗೊತ್ತದ ಅಲ್ಲ?”

ಗೊತ್ತಿತ್ತು. ಪದ್ಮಾಬಾಯಿ ಎದ್ದು ಹೊನ್ನೂರಮ್ಮನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಹತ್ತೇ ನಿಮಿಷದ ಮಾತು. ಒಮ್ಮೆ ಭುಜ ಮುಟ್ಟಿದರೆ ಅವಳು ಏಳುತ್ತಾಳೆ, ಅವಳು ಎದ್ದರೆ ಎಲ್ಲರೂ ಏಳುತ್ತಾರೆ, ಬೈಯದೆ ಬಗ್ಗುತ್ತಾರೆ ಕೂಡ. ಆ ಸರ್ಟಿಫಿಕೇಟು ಅವಳಿಗೆ ಬೇಕಾಗಿತ್ತು. ಮಕ್ಕಳು, ಮನೆ, ಮಡಿ ಎಲ್ಲ ಆದಮೇಲೂ ಅಷ್ಟು ಬೇಕಾದದ್ದು ಇನ್ನೊಂದಿರಲಿಲ್ಲ. ಭುಜದವರೆಗೆ ಹೋದ ಕೈ ಅಲ್ಲೇ ನಿಂತಿತು. ನೀರಿನಲ್ಲಿ ನೆನೆದು ಸುಕ್ಕುಗಟ್ಟಿ, ಬಿಳಿಚಿ, ಅಲ್ಲಲ್ಲಿ ಸೀಳಿದ ಬೆರಳುಗಳು ಅವಳ ಮುಂದೆಯೇ ಬಿಚ್ಚಿಕೊಂಡು ಬಿದ್ದಿದ್ದವು. ಇವಳಿಗೆ ತಾನು ಕಲಿಸಿದ್ದು ಇದೊಂದನ್ನೇ ಎನ್ನಿಸಿ ಪದ್ಮಾಬಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಎಬ್ಬಿಸೋದಿಲ್ಲ,” ಎಂದಳು.

“ಫೇಲ್ ಆಗ್ತೀರಿ, ಪದ್ಮಾಬಾಯಿಯವ್ರೆ.”

“ಆಗ್ತೀನಿ. ಮೊದ್ಲು ದನಿ ಸಣ್ಣದು ಮಾಡ್ರಿ.”

ಹಾಗೆ ಅವಳು ಯಾರಿಗೂ, ಗಂಡನಿಗೂ, ಹೇಳಿದವಳಲ್ಲ. ವಿಶ್ವಪ್ರಿಯ ಬಾಯಿ ತೆರೆದ. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಜೋರಾಗಿ ಬಡಿದುಕೊಳ್ಳತೊಡಗಿತು. ಹೊನ್ನೂರಮ್ಮ ಹುಬ್ಬು ಗಂಟಿಕ್ಕಿ ಮಗ್ಗುಲಾದಳು. ಪದ್ಮಾಬಾಯಿ ತಲೆ ತಿರುಗಿಸಿ ಅವನನ್ನು ನೋಡಿದಳು. ಅಷ್ಟೇ, ನೋಡಿದಳು. ಅವನು ಜೇಬನ್ನು ಎರಡೂ ಕೈಯಲ್ಲಿ ಅದುಮಿಕೊಂಡು, ತುದಿಗಾಲಿನಲ್ಲಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗೆ ಓಡಿ, ಟ್ರ್ಯಾಕ್ಟರಿನ ಆಚೆ ಮರೆಯಲ್ಲಿ ನಿಂತು ಪಿಸುಗುಟ್ಟತೊಡಗಿದ.

ಇಳಿಬಿಸಿಲು ಹೊಸಲು ದಾಟಿ ಮೊದಲ ಸಾಲಿನವರ ಮುಖಕ್ಕೆ ಬರುತ್ತಿತ್ತು. ಪದ್ಮಾಬಾಯಿ ಯಾವ ಆಸರೆಯೂ ಇಲ್ಲದೆ ಕೂತಲ್ಲಿಂದ ಎದ್ದು, ಮಲಗಿದವರ ಕಾಲು ತುಳಿಯದ ಹಾಗೆ ನಡೆದುಹೋಗಿ, ಸದ್ದಾಗದಂತೆ ಬಾಗಿಲನ್ನು ಮುಂದೆ ಮಾಡಿದಳು. ಪರೀಕ್ಷಕ ಹೊರಗೇ ಉಳಿದ.