ಒಂದು ಸಲ ಮಿಂಚಿದರೆ ಕ್ಷೇಮ

ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ನಾನು ಟೀಚರ್ ಟ್ರೈನಿಂಗಿಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿ ಒಂದು ವರ್ಷ ಇದ್ದೆ. ಆ ವರ್ಷ ಊರು ನೋಡಿದ್ದು ಹೆಚ್ಚೋ, ಶಿವಬಸಮ್ಮನ ಸಪ್ಪೆ ಮುಖ ನೋಡಿದ್ದು ಹೆಚ್ಚೋ ಎಂದು ಯಾರಾದರೂ ಕೇಳಿದರೆ, ಸಂಕ್ರಾಂತಿಯವರೆಗೂ ಮುಖವೇ ಹೆಚ್ಚು ಎಂದು ದೇವರಾಣೆ ಮಾಡಿ ಹೇಳುತ್ತೇನೆ. ಅಲ್ಲಿಂದಾಚೆಯದು ಬೇರೆ ಮಾತು.

ಬ್ರೂಸ್‌ಪೇಟೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ನಾವು ಮೂವರು. ತೆಕ್ಕಲಕೋಟೆಯ ಮಾರೆಮ್ಮ, ಕುರುಗೋಡಿನ ಶಿವಬಸಮ್ಮ, ಮತ್ತು ನಾನು, ಸಾವಂತ್ರಮ್ಮ. ಮಾರೆಮ್ಮ ಎತ್ತರದ ಆಳು, ನಕ್ಕರೆ ಓಣಿಗೆಲ್ಲ ಕೇಳಬೇಕು. ನನಗೆ ಆಗ ಇಪ್ಪತ್ತೊಂದು. ನನ್ನ ಬಾಯಿಗೆ ಹೆದರಿ ಗಂಡುಗಳು ಬರುತ್ತಿಲ್ಲ ಎಂದು ಊರಲ್ಲಿ ಮಾತಿತ್ತು. ಬರದಿದ್ದರೆ ಅವರ ಹಣೆಬರಹ, ನನಗೇನು. ಶಿವಬಸಮ್ಮನಿಗೆ ಇಪ್ಪತ್ತಮೂರು, ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ನಾಲ್ಕು ವರ್ಷದ ಮಗಳು ನೀಲವ್ವನನ್ನು ಅತ್ತೆ ಗುರುಬಸಮ್ಮನ ಹತ್ತಿರ ಬಿಟ್ಟು ಬಂದಿದ್ದಳು. ಅವಳನ್ನು ಓದಲು ಕಳಿಸಿದ್ದೂ ಆ ಅತ್ತೆಯೇ. "ನಾ ಜಲ್ಮೆಲ್ಲ ಮಂದಿ ಹೊಲದಾಗ ಕಳಿ ತಗದೆ. ನೀ ಸಾಲ್ಯಾಗ ಕುರ್ಚಿ ಮ್ಯಾಲ ಕುಂದ್ರು" ಎಂದು ಹೇಳಿ, ಸೊಸೆಯ ಟ್ರಂಕನ್ನು ಬಸ್ಸಿನ ತನಕ ತಾನೇ ಹೊತ್ತು ತಂದ ಹೆಂಗಸು ಆಕೆ.

ಭಾನುವಾರ ಬಂತೆಂದರೆ ನಾವು ಊರು ನೋಡಲು ಹೊರಡುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ವಾರ. ಯಾರ ವಾರವೋ ಅವರು ಹೇಳಿದ ಕಡೆ ಉಳಿದಿಬ್ಬರು ತುಟಿ ಪಿಟಕ್ಕೆನ್ನದೆ ಹೋಗಬೇಕು. ನನ್ನ ವಾರವಾದರೆ ರೈಲ್ವೆ ಸ್ಟೇಷನ್ನು. ಗುಂತಕಲ್ಲಿನ ಗಾಡಿ ಬಂದು ನಿಂತು, ನೀರು ಕುಡಿದು ಹೊರಡುವ ತನಕ ನಾನು ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಮಾರೆಮ್ಮನ ವಾರ ದುರ್ಗಮ್ಮನ ಗುಡಿಯಲ್ಲಿ ಶುರುವಾಗಲಿ, ಕೌಲ್ ಬಜಾರಿನಲ್ಲಿ ಶುರುವಾಗಲಿ, ಮುಗಿಯುವುದು ಮಾತ್ರ ಒಗ್ಗರಣೆ ಮಂಡಕ್ಕಿ, ಮಿರ್ಚಿ ಅಂಗಡಿಯ ಮುಂದೆ. ಒಂದು ಸಲ ಟಾಕೀಸಿಗೂ ಹೋದೆವು. ಪರದೆಯ ಮೇಲಿನ ರಾಣಿಗೆ ಮಾರೆಮ್ಮ ಎದ್ದು ನಿಂತು, "ಅವನ್ನ ನಂಬಬ್ಯಾಡ ಯವ್ವಾ, ಅವ ಕಳ್ಳ ಅದಾನ" ಎಂದು ಬುದ್ಧಿ ಹೇಳಿದಳು. ಹೆಂಗಸರ ಕಡೆಯವರೆಲ್ಲ ಹೌದು ಹೌದು ಎಂದರು. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಶಿವಬಸಮ್ಮನ ಕಡೆ ನೋಡಿದರೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ರಾಣಿಗಾಗಿ ಅಲ್ಲ. ರಾಣಿಯ ಮಗು ತೆರೆಯ ಮೇಲೆ ಬಂದಿತ್ತು.

ಎಲ್ಲಿ ಹೋದರೂ ಇದೇ ಹಾಡು. ರೈಲು ಬಂದರೆ, "ನೀಲವ್ವ ನೋಡಿದ್ರ ಹೆದರತಿತ್ತು." ಮಿರ್ಚಿ ಕೈಗೆ ಬಂದರೆ, "ನೀಲವ್ವಗ ಖಾರ ಆಗಾಂಗಿಲ್ಲ." ಅವಳ ವಾರ ಬಂದಾಗ ಎಲ್ಲಿಗೆ ಹೋಗೋಣವೆಂದರೆ, "ನೀವು ಹೇಳಿದ್ದ ಕಡೆ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಂದೇಬಿಟ್ಟೆ, "ಲೇ, ನಿನ್ನ ಮಗಳು ಕುರುಗೋಡಿನಾಗ ಅದಾಳ, ಕಾಶ್ಯಾಗಲ್ಲ." ಅಂದ ಮೇಲೆ ರಾತ್ರಿ ಊಟ ನನಗೇ ಸೇರಲಿಲ್ಲ.

ಸಂಕ್ರಾಂತಿಗೆ ಅವಳು ಊರಿಗೆ ಹೋಗಿ ಬಂದಳು. ಬಂದ ಐದನೆಯ ದಿನಕ್ಕೆ ಅತ್ತೆಯ ಕಾರ್ಡು ಬಂತು. ಆಕೆಗೆ ಅಕ್ಷರ ಬಾರದು. ಸಾಲಿ ಮಾಸ್ತರರ ಕೈಲಿ ಬರೆಸಿದ್ದು. "ನೀ ಬಸ್ಸು ಹತ್ತಿದ ಮ್ಯಾಲ ಕೂಸು ಅತ್ತು ಅತ್ತು ಮೂರು ದಿನ ಜ್ವರ ತಗೊಂಡಿತು. ಈಗ ಅರಾಮ ಐತಿ. ನೀ ಬಂದು ಹೋದರ ಅದಕ್ಕ ತ್ರಾಸ. ಯುಗಾದಿ ತನಕ ಬರಬ್ಯಾಡ."

ಶಿವಬಸಮ್ಮ ಕಾರ್ಡು ಓದಿ ಮಡಿಚಿಟ್ಟು, ಟ್ರಂಕು ಎಳೆದು ಸೀರೆ ತುಂಬತೊಡಗಿದಳು.

"ಅರಾಮ ಐತಿ ಅಂತ ಬರದಾರಲ್ಲ" ಎಂದಳು ಮಾರೆಮ್ಮ.

"ನಮ್ಮತ್ತಿ ನನ್ನ ಓದಸಾಕ ಏನ್ ಬೇಕಾದ್ರೂ ಬರಸತಾಳ. ಕೂಸು ಮಲಗಿದ್ದರೂ ಆಡಾಕತ್ತೈತಿ ಅಂತಾಳ. ನನಗ ಈ ಟೀಚರ್ಕಿ ಬ್ಯಾಡ. ನಾನೂ ಕಳಿ ತಗೀತೀನಿ."

ಇನ್ನು ಮೂರು ತಿಂಗಳು ಕಳೆದರೆ ಪರೀಕ್ಷೆ. ನಡುವೆ ಬಿಟ್ಟವರನ್ನು ಶಾಲೆಯವರು ಮತ್ತೆ ಸೇರಿಸಿಕೊಳ್ಳುತ್ತಿರಲಿಲ್ಲ. ಇದು ಅವಳಿಗೂ ಗೊತ್ತು. ನಾನು ಬೈದೆ, ಮಾರೆಮ್ಮ ರಮಿಸಿದಳು. ಅವಳು ಸೀರೆ ಮಡಿಚುತ್ತಲೇ ಇದ್ದಳು. ಕಡೆಗೆ ನಾನು, "ಆತು, ಹೋಗು. ಆದ್ರ ನಾಳೆ ಭಾನುವಾರ ನಿನ್ನ ವಾರ. ಒಂದು ಜಾಗದ ಹೆಸರಾದ್ರೂ ನಿನ್ನ ಬಾಯಾಗ ಬರಲಿ, ಆಮ್ಯಾಲ ಹೋಗು" ಎಂದೆ.

ಅವಳು ಕೈಲಿದ್ದ ಸೀರೆಯನ್ನು ಟ್ರಂಕಿನ ಮೇಲಿಟ್ಟು, "ಕೋಟಿ ಮ್ಯಾಲ ಹೋಗೂಣು. ಅಲ್ಲಿಂದ ನಮ್ಮ ಗುಡ್ಡ ಕಾಣತೈತಂತ" ಎಂದಳು.

ಕೋಟೆಯ ಕಾವಲಿಗೆ ಓಬಣ್ಣ ಎಂಬಾತನಿದ್ದ. ಪಟಾಲಮ್ಮಿನಲ್ಲಿದ್ದು ಯುದ್ಧ ಮುಗಿದ ಮೇಲೆ ಮನೆಗೆ ಬಂದವನು. ಮೀಸೆ ಮಾತ್ರ ಇನ್ನೂ ಪಟಾಲಮ್ಮಿನಲ್ಲೇ ಇತ್ತು. ಕೋಟೆ ಕಟ್ಟಿದ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದ ಕಥೆಯನ್ನು, ಕೇಳಲಿ ಬಿಡಲಿ, ಹತ್ತಿದವರಿಗೆಲ್ಲ ಒಪ್ಪಿಸುತ್ತಿದ್ದ. ಶಿವಬಸಮ್ಮ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೇಲಿನ ಬಂಡೆ ಹತ್ತಿ, ಉತ್ತರಕ್ಕೆ ಎರೆಹೊಲಗಳ ಆಚೆ ಕಂಡ ಗುಡ್ಡವನ್ನೇ ನೋಡುತ್ತ ನಿಂತುಬಿಟ್ಟಳು. "ಅದರ ಬುಡಕ ದೊಡ್ಡಬಸವಣ್ಣನ ಗುಡಿ. ಗುಡಿ ಹಿಂದ ನಮ್ಮ ಓಣಿ" ಎಂದಳು. ಮತ್ತೆ, "ಗುಡ್ಡ ಕಾಣತೈತಿ, ಕೂಸು ಕಾಣಾಂಗಿಲ್ಲ" ಎಂದಳು.

ಓಬಣ್ಣ ಮೀಸೆ ತೀಡಿಕೊಂಡು, "ಯಾಕ ಕಾಣಾಂಗಿಲ್ಲ ತಂಗಿ? ಪಟಾಲಮ್ಮಿನಾಗ ನಾವು ಕನ್ನಡಿ ಹಿಡಕೊಂಡು ಬಿಸಿಲಾಗ ಮಾತಾಡತಿದ್ವಿ. ಮೂವತ್ತು ಮೈಲಿ ದೂರದವರು ಜವಾಬು ಕೊಡತಿದ್ರು. ಕುರುಗೋಡು ಹದಿನೆಂಟು ಮೈಲಿ" ಎಂದ.

ಬಡಾಯಿ ಎಂದುಕೊಂಡೆ. ಆದರೆ ಅವನು ಜೇಬಿನಿಂದ ಉಕ್ಕಿನ ಕಟ್ಟಿನ ಕ್ಷೌರದ ಕನ್ನಡಿ ತೆಗೆದು, ಕೆಳಗೆ ದೂರದ ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯವನ ಮುಖಕ್ಕೆ ಬಿಸಿಲು ಬಿಟ್ಟ. ಗಾಡಿಯವನು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿ ಬೈದ. ಬೈದದ್ದು ಕೇಳಿಸಲಿಲ್ಲವಾದರೂ ಕೈ ಆಡಿಸಿದ್ದರಲ್ಲಿ ತಿಳಿಯಿತು. ಮಾರೆಮ್ಮ ಬಂಡೆಯ ಮೇಲೆ ಕೂತು ನಕ್ಕಳು.

ಸಂಕೇತ ಕಟ್ಟಿದವಳು ನಾನು, ಅದರ ಜಂಬವನ್ನು ಇವತ್ತಿಗೂ ಬಿಟ್ಟಿಲ್ಲ. ಅಂದು ಸಂಜೆಯೇ ಕಾರ್ಡು ಬರೆದೆವು: ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಅತ್ತೆ ಗುಡ್ಡ ಹತ್ತಬೇಕು. ಕೂಸು ಆರಾಮವಿದ್ದರೆ ಜೊತೆಗೆ ಕರೆತಂದು, ಅದರ ಕೈಯಿಂದ ಕನ್ನಡಿಯನ್ನು ಬಳ್ಳಾರಿ ಕೋಟೆಯ ಕಡೆ ಒಂದು ಸಲ ಮಿಂಚಿಸಬೇಕು. ಆರಾಮವಿಲ್ಲದಿದ್ದರೆ ಎರಡು ಸಲ. ಒಂದಾದರೆ ಕ್ಷೇಮ, ಶಿವಬಸಮ್ಮ ಇಲ್ಲೇ ಇರುತ್ತಾಳೆ. ಎರಡಾದರೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳೆ.

"ಅತ್ತಿ ಇದರಾಗೂ ಸುಳ್ಳು ಮಾಡಿದ್ರ?" ಎಂದು ಕೇಳಿದೆ.

"ಕಾಗದದಾಗ ಮಾಡ್ಯಾಳು. ಬಸವಣ್ಣನ ಗುಡ್ಡದ ಮ್ಯಾಲ ನಿಂತು ಮಾಡಾಂಗಿಲ್ಲ."

ಆ ಒಂದು ವಾರ ಟ್ರಂಕು ಕಟ್ಟಿದ್ದು ಕಟ್ಟಿದಂತೆ ಬಾಗಿಲ ಹತ್ತಿರ ಕೂತಿತ್ತು. ಒಳಗೆ ಹೊರಗೆ ಓಡಾಡುವಾಗಲೆಲ್ಲ ಅದಕ್ಕೆ ಎಡವಿ ನಾನು ಶಾಪ ಹಾಕುತ್ತಿದ್ದೆ.

ಭಾನುವಾರ ಒಂಬತ್ತೂವರೆಗೇ ಕೋಟೆಯ ನೆತ್ತಿಯಲ್ಲಿದ್ದೆವು. ಮಾರೆಮ್ಮ ಮಂಡಕ್ಕಿ ಪೊಟ್ಟಣ ತಂದಿದ್ದಳು. ಯಾರೂ ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ. ಓಬಣ್ಣನ ಗಡಿಯಾರದಲ್ಲಿ ಹತ್ತಾಯಿತು. ಗುಡ್ಡ ಸುಮ್ಮನೆ ಗುಡ್ಡವಾಗಿಯೇ ಇತ್ತು. ಹತ್ತೂ ಕಾಲಾಯಿತು. ಹತ್ತೂವರೆಯೂ ಆಯಿತು. ಶಿವಬಸಮ್ಮ ಸೆರಗು ಸರಿಮಾಡಿಕೊಂಡು, "ಕೂಸಿಗೆ ಏಳಾಕೂ ಆಗಿಲ್ಲ. ನಾ ಹೊಂಟೆ" ಎಂದು ಮೆಟ್ಟಿಲ ಕಡೆ ತಿರುಗಿದಳು. ಈ ಹಾಳು ಉಪಾಯ ಹೊಳೆಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.

"ಬಂತು, ಬಂತು" ಎಂದ ಓಬಣ್ಣ.

ಗುಡ್ಡದ ನೆತ್ತಿಯಲ್ಲಿ ಒಂದು ಬೆಳಕು ಚಕ್ಕನೆ ಹೊಳೆದು ಆರಿತು. ಒಂದೇ ಒಂದು. ಮಾರೆಮ್ಮ ಶಿವಬಸಮ್ಮನನ್ನು ಎರಡೂ ಕೈಯಿಂದ ಅಪ್ಪಿ ಎತ್ತಿಯೇಬಿಟ್ಟಳು. ಇನ್ನೂ ಕೆಳಗಿಳಿಸಿರಲಿಲ್ಲ, ಮತ್ತೊಂದು ಹೊಳೆಯಿತು.

ಎರಡು. ಶಿವಬಸಮ್ಮ ಮಾರೆಮ್ಮನ ಕೈ ಬಿಡಿಸಿಕೊಂಡು ಕೆಳಗಿಳಿದಳು. ನಾನು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ನನ್ನ ಜನ್ಮದಲ್ಲಿ ಅದೇ ಮೊದಲು.

ಅಷ್ಟರಲ್ಲಿ ಮೂರನೆಯದು ಹೊಳೆಯಿತು. ಬೇರೆ ಜಾಗದಲ್ಲಿ. ಅದರ ಪಕ್ಕದಲ್ಲಿ ನಾಲ್ಕನೆಯದು. ಓಬಣ್ಣ ಬೆರಳು ಮಡಿಚುತ್ತ ಐದು, ಆರು, ಏಳು ಎಂದವನು ಕೈಬಿಟ್ಟ. ನೆತ್ತಿಯ ಉದ್ದಕ್ಕೂ ಬೆಳಕೋ ಬೆಳಕು. ಸಣ್ಣವು, ದೊಡ್ಡವು, ಹಳದಿಯವು, ನಡುವೆ ನಿಂತಲ್ಲೇ ನಿಂತು ಕಣ್ಣು ಕುಕ್ಕುವ ದೊಡ್ಡದೊಂದು. ನೋಡುತ್ತ ನೋಡುತ್ತ ಗುಡ್ಡವೆಲ್ಲ ಮಿಣಮಿಣ ಎನ್ನತೊಡಗಿತು.

"ಸಾವಂತ್ರಿ, ಇದಕ್ಕೇನಂತ ಅರ್ಥ?" ಎಂದು ಶಿವಬಸಮ್ಮ ಕೇಳಿದಳು.

ನಾನು ಕಟ್ಟಿದ ಸಂಕೇತದಲ್ಲಿ ಇದು ಇರಲಿಲ್ಲ. ಆದರೆ ಮಾರೆಮ್ಮನಿಗೆ ಸಂಕೇತ ಬೇಕಿರಲಿಲ್ಲ. "ಲೇ ಹುಚ್ಚಿ," ಎಂದಳು, "ಕೂಸಿಗೆ ಮೈಯಾಗ ಸರಿ ಇಲ್ಲದಾಗ ಊರಿಗೂರೇ ಕನ್ನಡಿ ಹಿಡಕೊಂಡು ಗುಡ್ಡ ಹತ್ತತೈತೇನು?"

ಶಿವಬಸಮ್ಮ ಬಂಡೆಯ ಮೇಲೆ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಅವಳ ನಗು ಹೇಗಿರುತ್ತದೆಂದು ನಾನು, ಒಂದೇ ಕೋಣೆಯಲ್ಲಿ ಏಳು ತಿಂಗಳು ಇದ್ದ ಮೇಲೆ, ಅವತ್ತು ನೋಡಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಬೈಯಲೂ ಮನಸ್ಸಾಗಲಿಲ್ಲ.

ಓಬಣ್ಣ ತನ್ನ ಕನ್ನಡಿಯನ್ನು ಅವಳ ಮುಂದೆ ಹಿಡಿದ. "ಜವಾಬು ಕೊಡು ತಂಗಿ." ಅವಳು ಮುಟ್ಟಲು ಹೋಗಿ ಕೈ ಹಿಂದೆಳೆದುಕೊಂಡಳು. ಗಂಡ ಹೋದಾಗಿನಿಂದ ಅವಳು ಕನ್ನಡಿ ಹಿಡಿದಿರಲಿಲ್ಲ. ಅತ್ತೆಯೂ ವಿಧವೆ; ಮನೆಯಲ್ಲಿದ್ದ ಒಂದು ಕನ್ನಡಿಯನ್ನು ಮಗ ಸತ್ತ ದಿನವೇ ಯಾರಿಗೋ ಕೊಟ್ಟುಬಿಟ್ಟಿದ್ದಳಂತೆ. "ನಾ ಹಿಡೀಬಾರದಣ್ಣ" ಎಂದಳು.

"ನಿನ್ನ ಮುಖ ನೀ ನೋಡಕೊಳ್ಳಾಕಲ್ಲವ್ವ" ಎಂದ ಓಬಣ್ಣ. "ಮಗಳಿಗೆ ತೋರಸಾಕ."

ಅವಳು ತೆಗೆದುಕೊಂಡಳು. ಓಬಣ್ಣ ಹಿಂದೆ ನಿಂತು ಹೀಗೆ ತಿರುಗಿಸು, ಹಾಗೆ ಬಾಗಿಸು ಎಂದು ಹೇಳಿಕೊಟ್ಟ. ಒಂದು ಸಲ ಬಿಟ್ಟಳು. ಆಮೇಲೆ ನಿಲ್ಲಿಸಲೇ ಇಲ್ಲ. ಕೈ ಸೋಲುವ ತನಕ ಬಿಸಿಲನ್ನು ಊರಿಗೆ ಕಳಿಸಿದಳು. ಮಾರೆಮ್ಮ ಮಂಡಕ್ಕಿ ಪೊಟ್ಟಣ ಬಿಚ್ಚಿದಳು. ಮಧ್ಯಾಹ್ನದ ಬಸ್ಸು ಅವಳನ್ನು ಬಿಟ್ಟು ಹೋಯಿತು.

ಬುಧವಾರ ಎರಡು ಕಾರ್ಡು ಒಟ್ಟಿಗೆ ಬಂದವು. ಹೇಳುವ ಮಾತೆಲ್ಲ ಒಂದೇ ಕಾರ್ಡಿನಲ್ಲಿ ಹಿಡಿಸಿರಲಿಲ್ಲ. ಶಿವಬಸಮ್ಮ ಗಟ್ಟಿಯಾಗಿ ಓದಿದಳು:

"ನಮ್ಮ ಮನ್ಯಾಗ ಕನ್ನಡಿ ಇಲ್ಲ ಅಂಬೂದು ನಿನಗ ಗೊತ್ತೈತಿ. ಉಚ್ಚಂಗೆಮ್ಮನ ಮನ್ಯಾಗ ಕಡಾ ಕೇಳಿದೆ. ಯಾತಕ್ಕಂದಳು. ಹಿಂಗಿಂಗ ಅಂದೆ. ಕನ್ನಡಿ ಕೊಡಾಂಗಿಲ್ಲ, ನಾನೂ ಬರತೀನಿ ಅಂದಳು. ಮುಂದಿನ ಮನಿಗೆ ಹೋದರ ಅವರೂ ಹಂಗ ಅಂದರು. ಕನ್ನಡಿ ಇಲ್ಲದವರು ಹಿತ್ತಾಳಿ ತಾಟು ತಿಕ್ಕಿ ತಂದರು. ಮರಿಬಸಪ್ಪನ ಮನಿ ನಿಲುವುಗನ್ನಡಿ ಇಬ್ಬರು ಹೊತ್ತು ಹತ್ತೋದರಾಗ ಹೊತ್ತಾತು, ಸಿಟ್ಟಾಗಬ್ಯಾಡ. ಒಂದು ಸಲ ಅಂತ ಎಲ್ಲರಿಗೂ ಹೇಳಿದ್ದೆ. ಎಲ್ಲರೂ ಒಂದೊಂದ ಸಲ ಮಾಡಿದರು. ಆಮ್ಯಾಲ ಯಾರು ಕೇಳತಾರ. ಮೊದಲನೇದು ಮಾತ್ರ ನೀಲವ್ವಂದು. ನಿನ್ನ ಬೆಳಕು ಬಂದಾಗ ಕೂಸು ಕುಣೀತು. ಈಗ ಯಾರು ಕೇಳಿದರೂ, ನಮ್ಮವ್ವ ಬಳ್ಳಾರ್ಯಾಗ ಬಿಸಿಲು ಹಚ್ಚಾಕ ಹೋಗ್ಯಾಳ ಅಂತೈತಿ. ಅಳಾಂಗಿಲ್ಲ. ಬೆಳಿಗ್ಗೆ ಬಿಸಿಲು ಬಿದ್ದರ, ಅವ್ವ ಎದ್ಲು ಅಂತೈತಿ."

ಎರಡನೆಯ ಕಾರ್ಡಿನ ಕೊನೆಗೆ ಇನ್ನೊಂದು ಸಾಲಿತ್ತು. ಅಲ್ಲಿಗೆ ಬಂದು ಅವಳು ಕಾರ್ಡನ್ನು ನನ್ನ ಕೈಗಿಟ್ಟಳು, ನಾನೇ ಓದಿದೆ: "ಯುಗಾದಿಗೆ ಬರುವಾಗ ನಮ್ಮ ಮನಿಗೆ ಒಂದು ಕನ್ನಡಿ ತಗೊಂಡು ಬಾ."

ಟ್ರಂಕನ್ನು ಮಾರೆಮ್ಮ ಕಾಲಿನಿಂದಲೇ ತಳ್ಳಿ ಮಂಚದ ಕೆಳಗೆ ಕಳಿಸಿದಳು.

ಮುಂದಿನ ಭಾನುವಾರ ನನ್ನ ವಾರವಿತ್ತು. ರೈಲನ್ನು ಬಿಟ್ಟುಕೊಟ್ಟು, "ಎಲ್ಲಿಗೆ ಹೋಗೂಣು ಹೇಳು" ಎಂದು ಶಿವಬಸಮ್ಮನನ್ನು ಕೇಳಿದೆ. ಈ ಸಲ "ನೀವು ಹೇಳಿದ್ದ ಕಡೆ" ಎನ್ನಲಿಲ್ಲ. ಬಜಾರಿಗೆ ಎಂದು ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಕನ್ನಡಿ ಅಂಗಡಿಯವನು ಒಂದು ಕನ್ನಡಿಯನ್ನು ಅವಳ ಕೈಗಿಟ್ಟು, "ಮುಖ ನೋಡಿಕೊಳ್ರಿ ತಾಯಿ, ಎಷ್ಟು ಚಂದ ಕಾಣತೈತಿ" ಎಂದ. ಅವಳು ಮುಖ ನೋಡಿಕೊಳ್ಳಲಿಲ್ಲ. ನಡುಬೀದಿಗೆ ಬಂದು, ಕನ್ನಡಿಯನ್ನು ಸೂರ್ಯನಿಗೆ ಒಡ್ಡಿ, ಎದುರಿನ ಗೋಡೆಯ ಮೇಲೆ ಬೆಳಕು ಬಿಟ್ಟು, ಹೆಂಚಿನ ತನಕ ಏರಿಸಿ ಇಳಿಸಿ ಪರೀಕ್ಷೆ ಮಾಡಿದಳು.

"ಇದು ಮುಟ್ಟತೈತಿ" ಎಂದಳು. "ಇದನ್ನ ಕಟ್ಟಿ ಕೊಡ್ರಿ."

ಅಂಗಡಿಯವನು ಕಾಗದ ಹುಡುಕುವಾಗ, ನಾವು ನೋಡುತ್ತಿಲ್ಲವೆಂದುಕೊಂಡು, ಅವಳು ಕನ್ನಡಿಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿ ಮುಖ ನೋಡಿಕೊಂಡಳು. ಮಾರೆಮ್ಮ ಬಾಯಿ ತೆರೆಯುವವಳಿದ್ದಳು. ನಾನು ಅವಳ ಕಾಲು ತುಳಿದು ಸುಮ್ಮನಿರಿಸಿದೆ.